ಪಕ್ಕದ ಸೀಟಿನ ಬ್ರೇಕು

ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಬ್ರೇಕು ಎರಡಿರುತ್ತವೆ. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಡಿ. ಸ್ಟೀರಿಂಗ್ ಹಿಡಿದವರು ತಾವೇ ಕಾರು ಓಡಿಸುತ್ತಿದ್ದೇವೆ ಅಂದುಕೊಂಡಿರುತ್ತಾರೆ. ಅಂದುಕೊಳ್ಳಲಿ, ಪಾಪ. ನಮ್ಮ ಮೇಷ್ಟ್ರು ಜೀವಮಾನವೆಲ್ಲ ಆ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟೇ ಬದುಕಿದವರು.

ಅವರು ಬೈಯುವ ಮೇಷ್ಟ್ರಲ್ಲ, ದನಿ ಏರಿಸಿದ್ದನ್ನೂ ಯಾರೂ ಕೇಳಿಲ್ಲ. "ಎಡಕ್ಕೋ ಬಲಕ್ಕೋ, ನಿಮ್ಮಿಷ್ಟ" ಅನ್ನುತ್ತಿದ್ದರು. ಕಲಿಯುವವರು ಬಲಕ್ಕೆ ತಿರುಗಿಸಲು ಹೋದರೆ ಕಾರು ಅದೇಕೋ ಮುಗ್ಗರಿಸುತ್ತಿತ್ತು. ಗಾಬರಿಯಾಗಿ ಎಡಕ್ಕೆ ತಿರುಗಿಸಿದರೆ ನುಣ್ಣಗೆ ಹೋಗುತ್ತಿತ್ತು. "ನೋಡಿ, ಒಳ್ಳೆ ನಿರ್ಧಾರ ಮಾಡಿದ್ರಿ" ಅಂತ ಮೇಷ್ಟ್ರು ಬೆನ್ನು ತಟ್ಟುತ್ತಿದ್ದರು.

ಮನೆಯಲ್ಲಿದ್ದದ್ದು ಅವರು ಮತ್ತು ಅವರ ತಂಗಿ. ತಂಗಿಗೆ ನಲವತ್ತು ಹತ್ತಿರ ಬಂದಿದ್ದರೂ ಅಣ್ಣನ ಬಾಯಲ್ಲಿ ಅವಳು ಪುಟ್ಟಿಯೇ. ಅಡುಗೆ ಅವಳದು, ಅಣ್ಣನ ಅಂಗಿಗೆ ಇಸ್ತ್ರಿ ಅವಳದು, ಶನಿವಾರ ಶಾಲೆಯ ಕಾರು ತೊಳೆಯುವುದೂ ಅವಳದೇ. ಅವಳಿಗೂ ಎಲ್ಲದರಲ್ಲಿ ಆಯ್ಕೆ ಇತ್ತು. ಕಾರನ್ನು ಬೆಳಗ್ಗೆ ತೊಳೆಯಬಹುದಿತ್ತು, ಸಂಜೆಯೂ ತೊಳೆಯಬಹುದಿತ್ತು. ಮದುವೆಯ ಮಾತು ಬಂದಾಗ ಅಣ್ಣ ಎರಡು ಸಂಬಂಧ ತಂದು ಮುಂದಿಟ್ಟರು. ಒಬ್ಬ ಮೂರು ಮಕ್ಕಳ ವಿಧುರ, ಇನ್ನೊಬ್ಬ ಬೆಳಗ್ಗೆಯೇ ಕುಡಿಯುವವನು. "ಯಾರಾದ್ರೂ ಸರಿ, ನಿನ್ನಿಷ್ಟ" ಅಂದರು. ಅವಳು ಇಬ್ಬರೂ ಬೇಡವೆಂದಳು. "ನಾನೇನು ಮಾಡ್ಲಿ, ಅವಳಿಗೇ ಮದುವೆ ಬೇಡವಂತೆ" ಎಂದು ಮೇಷ್ಟ್ರು ಊರಿಗೆಲ್ಲ ಹೇಳಿಕೊಂಡು ಬಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹೊತ್ತು ಹೊತ್ತಿಗೆ ಬಿಸಿ ಊಟ ಮಾತ್ರ ಬರುತ್ತಲೇ ಇತ್ತು.

ಭಾನುವಾರ ಮಧ್ಯಾಹ್ನ ಡ್ರೈವಿಂಗ್ ಶಾಲೆಯ ಪಾಠದ ಕೋಣೆಯಲ್ಲಿ ಆಟ. ಇಸ್ಪೀಟಲ್ಲ, ಚೆಸ್ಸಲ್ಲ, ಮೇಜಿನ ಸುತ್ತ ಕೂತು ಆಡುವ ಕತೆಯಾಟ. ಒಬ್ಬರು ಕತೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ, ಆ ಪಾತ್ರ ಎಲ್ಲಿಗೆ ಹೋಗುತ್ತದೆ, ಏನು ಮಾಡುತ್ತದೆ ಎಂದು ತಾವೇ ಹೇಳುತ್ತಾರೆ. ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ನಡೆಸುವವರು ಮೇಷ್ಟ್ರು ಎಂದು ಬೇರೆ ಹೇಳಬೇಕಾಗಿಲ್ಲ. ಎರಡು ಹಳೆಯ 'ಎಲ್' ಬೋರ್ಡುಗಳನ್ನು ಟೇಪಿನಿಂದ ಜೋಡಿಸಿ ತಮ್ಮ ಮುಂದೆ ಮರೆ ಕಟ್ಟಿಕೊಳ್ಳುತ್ತಿದ್ದರು. ಎಲ್ಲರ ದಾಳವೂ ಬೀಳುತ್ತಿದ್ದುದು ಆ ಮರೆಯ ಹಿಂದೆ, ಬಿದ್ದದ್ದನ್ನು ಓದುತ್ತಿದ್ದವರು ಅವರೊಬ್ಬರೇ.

ಆಟಕ್ಕೆ ಬರುತ್ತಿದ್ದವರು ಪಕ್ಕದ ಗ್ಯಾರೇಜಿನ ವೆಲ್ಡರ್, ಎದುರಿನ ಔಷಧಿ ಅಂಗಡಿಯಾಕೆ ಮತ್ತು ಪುಟ್ಟಿ. ವೆಲ್ಡರ್ ಒಮ್ಮೆ ಕೇಳಿಯೇಬಿಟ್ಟ: "ಅಲ್ಲ ಮೇಷ್ಟ್ರೇ, ಗುಹೆ ದಾರಿ ಹಿಡಿದ್ರೂ ನಿಮ್ಮ ಕೋಟೆನೇ ಸಿಗುತ್ತೆ, ಕಾಡಿನ ದಾರಿ ಹಿಡಿದ್ರೂ ಅದೇ ಕೋಟೆ. ಅದಕ್ಕೇನು ಕಾಲಿದೆಯಾ?"

"ನೀವು ಆರಿಸಿದ ದಾರಿನೇ ಅಲ್ವಾ?" ಅಂದರು ಮೇಷ್ಟ್ರು.

ವಾರವೆಲ್ಲ ಕೂತು ಕಟ್ಟಿದ ಕತೆಯನ್ನು ಕಂಡಕಂಡವರು ಕೆಡಿಸುವುದನ್ನು ಅವರಿಗೆ ಸಹಿಸಲಾಗುತ್ತಿರಲಿಲ್ಲ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು, ಆ ಮೊಲ ಓಡಬೇಕಾದದ್ದೂ ಅವರ ಕೋಟೆಗೇ. ಆದರೂ ಜನ ಬರುತ್ತಿದ್ದರು, ಯಾಕೆಂದರೆ ಮನುಷ್ಯ ಕತೆ ಚೆನ್ನಾಗಿ ಹೇಳುತ್ತಿದ್ದ. ಬಾಗಿಲಿನ ತುಕ್ಕು, ಕುದುರೆಯ ಒಡೆದ ಗೊರಸು, ಇಂಥ ಒಂದು ಸಣ್ಣ ವಿವರ ಸೇರಿಸಿದರೆ ಸುಳ್ಳು ಕೂಡ ಎದ್ದು ಓಡಾಡುತ್ತಿತ್ತು.

ಪುಟ್ಟಿಯ ಪಾತ್ರ ಅಂಬಿಗಿತ್ತಿಯದು. ಸ್ವಂತ ದೋಣಿ ಇದ್ದೂ ಆಚೆ ದಡ ನೋಡದ ಅಂಬಿಗಿತ್ತಿ. ಪ್ರತಿ ಸಲ ಅವಳು ಹೊರಟಾಗ ಪ್ರವಾಹ ಬರುತ್ತಿತ್ತು, ಇಲ್ಲವೇ ಹುಟ್ಟು ಮುರಿಯುತ್ತಿತ್ತು.

ಆ ವರ್ಷ ಅವಳಿಗೆ ನಿಜವಾಗಿಯೂ ಹೊರಡುವ ಅವಕಾಶ ಬಂದಿತ್ತು. ಊರಿನ ಬೇಕರಿಯ ಒಡತಿ ಬೇರೆ ಊರಿನಲ್ಲಿ ಹೊಸ ಶಾಖೆ ತೆರೆಯುವವಳಿದ್ದಳು. ಬ್ರೆಡ್ಡಿನ ವ್ಯಾನಿಗೆ ಡ್ರೈವರ್ ಬೇಕು, ಅಂಗಡಿಯ ಮೇಲೆ ಇರಲು ಒಂದು ಕೋಣೆ. "ಲೈಸೆನ್ಸ್ ಒಂದು ಮಾಡಿಸ್ಕೊಂಡು ಬಾರಮ್ಮ, ಕೆಲಸ ನಿಂದೇ" ಅಂದಿದ್ದಳು. ಒಂದು ಲೈಸೆನ್ಸಿನ ಆಚೆಗೆ ಪುಟ್ಟಿಯ ಸ್ವಂತ ಬದುಕಿತ್ತು. ಅಣ್ಣ ಕಲಿಸಿದರು. ರಿವರ್ಸ್ ತೆಗೆಯುವುದರಲ್ಲಿ ಅವಳು ಅಣ್ಣನನ್ನೂ ಮೀರಿಸಿದಳು. ಅದೇ ತಪ್ಪಾಯಿತು.

ಪರೀಕ್ಷೆಯ ದಿನ ಇನ್‌ಸ್ಪೆಕ್ಟರು ಹಿಂದಿನ ಸೀಟಿನಲ್ಲಿ, ಮೇಷ್ಟ್ರು ಪಕ್ಕದಲ್ಲಿ. ಮೇಷ್ಟ್ರು ತಮ್ಮ ಬ್ರೇಕು ಒತ್ತಿದರೆ ಬಜರ್ ಕೂಗುತ್ತದೆ, ಕೂಗಿದರೆ ಕಲಿತವರು ಫೇಲು. ಪುಟ್ಟಿ ಎಲ್ಲವನ್ನೂ ಸರಿಯಾಗಿ ಮುಗಿಸಿ ಕೊನೆಯ ನೇರ ರಸ್ತೆಗೆ ಬಂದಿದ್ದಳು. ಬಜರ್ ಕೂಗಿತು. "ಮಗು ಅಡ್ಡ ಬಂತು ಸರ್, ಇವಳು ನೋಡಲಿಲ್ಲ" ಅಂದರು ಮೇಷ್ಟ್ರು. ಇನ್‌ಸ್ಪೆಕ್ಟರು ತಲೆಯೆತ್ತುವ ಹೊತ್ತಿಗೆ ರಸ್ತೆ ಖಾಲಿಯಿತ್ತು.

ಮನೆಗೆ ಬಂದು ಪುಟ್ಟಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು.

"ಎಂಥಾ ಮಗು ಅಣ್ಣ? ನಂಗೆ ಕಾಣಲೇ ಇಲ್ವಲ್ಲ."

"ಚಿಕ್ಕದು. ಎಡಗಾಲಲ್ಲಿ ಮಾತ್ರ ಚಪ್ಪಲಿ ಇತ್ತು. ಇನ್ನೊಂದು ಎಲ್ಲೋ ಬಿದ್ದುಹೋಗಿರಬೇಕು, ಪಾಪ." ಚಪ್ಪಲಿಯ ಮಾತು ಹೇಳುವಾಗ ಅವರಿಗೆ ತಮ್ಮ ಮೇಲೆಯೇ ಮೆಚ್ಚಿಕೆಯಾಯಿತು. ಆಮೇಲೆ ಮೆತ್ತಗೆ ಕೇಳಿದರು: "ಮತ್ತೆ ಪರೀಕ್ಷೆ ಕೊಡ್ತೀಯೋ, ಇಲ್ಲ ಯಾರ ಮನೆ ಮಗುವಿನ ಪಾಪವೂ ಬೇಡ ಅಂತ ಸುಮ್ಮನಿರ್ತೀಯೋ? ನಿನ್ನಿಷ್ಟ ಪುಟ್ಟಿ."

ಅವಳು ಸುಮ್ಮನಾದಳು. ಶನಿವಾರ ಕಾರು ತೊಳೆಯುವಾಗ ಕೂಡ ಸ್ಟೀರಿಂಗಿಗೆ ಕೈ ತಾಗಿಸುತ್ತಿರಲಿಲ್ಲ. ದಾರಿಯಲ್ಲಿ ಮಕ್ಕಳು ಕಂಡರೆ ಮೊದಲು ಅವರ ಕಾಲು ನೋಡುತ್ತಿದ್ದಳು. ಕನಸಿನಲ್ಲಿ ಆ ಮಗುವನ್ನು ಎಷ್ಟು ಸಲ ಕೊಂದಳೋ, ಬೆಚ್ಚಿ ಎದ್ದು ಕೂರುತ್ತಿದ್ದಳು. ಮೇಷ್ಟ್ರಿಗೆ ಅದು ಪಕ್ಕದ ಕೋಣೆಯಿಂದ ಕೇಳಿಸುತ್ತಿತ್ತು. ತಂಗಿಯ ಮೇಲೆ ಅವರಿಗೆ ಪ್ರೀತಿ ಇರಲಿಲ್ಲವೆಂದಲ್ಲ, ಇತ್ತು, ಎದ್ದು ಹೋಗಿ ತಲೆ ಸವರುವಷ್ಟೂ ಇತ್ತು. ಸವರುತ್ತಿದ್ದರು ಕೂಡ. ನಿಜ ಹೇಳುವಷ್ಟು ಮಾತ್ರ ಇರಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಈ ಬೆಕ್ಕು ಇಲಿಯ ಕಣ್ಣೀರನ್ನೂ ಒರೆಸುತ್ತಿತ್ತು.

ಹೀಗೇ ತಿಂಗಳುಗಳು ಕಳೆದು ಒಂದು ಭಾನುವಾರ ಬಂತು. ಬದುಕಿನಲ್ಲಿ ಆಗದ್ದು ಆಟದಲ್ಲಾದರೂ ಆಗಲಿ ಅನಿಸಿತೋ ಏನೋ, ಪುಟ್ಟಿ ಹಟ ಹಿಡಿದಳು.

"ನನ್ನ ಅಂಬಿಗಿತ್ತಿ ಇವತ್ತು ಆಚೆ ದಡಕ್ಕೆ ಹೋಗ್ತಾಳೆ."

"ಕೋಟೆಯಲ್ಲಿ ರಾಣಿ ಕಾಯ್ತಿದಾಳೆ. ಸೇತುವೆ ಮೇಲೆ ಹೋಗ್ತೀಯೋ ಸುರಂಗದಲ್ಲೋ?"

"ಎರಡೂ ಬೇಡ. ದೋಣಿ ಬಿಡ್ತೀನಿ."

ಔಷಧಿ ಅಂಗಡಿಯಾಕೆ ಕೂಡ ಸೇರಿಕೊಂಡಳು: "ಬಿಡಿ ಮೇಷ್ಟ್ರೇ, ಒಂದ್ಸಲ ಹೋಗ್ಲಿ. ನಮಗೂ ನೋಡ್ಬೇಕು ಅಲ್ಲೇನಿದೆ ಅಂತ."

ಅಲ್ಲೇನೂ ಇರಲಿಲ್ಲ. ಮೇಷ್ಟ್ರು ಆಚೆ ದಡವನ್ನು ಕಟ್ಟಿಯೇ ಇರಲಿಲ್ಲ, ಕಟ್ಟುವ ಯೋಚನೆಯೂ ಇರಲಿಲ್ಲ. ಪ್ರವಾಹ ಕಳೆದ ವಾರವಷ್ಟೇ ಬಂದಿತ್ತು, ಹುಟ್ಟು ಅದಕ್ಕೂ ಹಿಂದೆಯೇ ಮುರಿದಿತ್ತು. ದೋಣಿ ಆಗಲೇ ನೀರಿಗಿಳಿದಿತ್ತು. ಅವಸರದಲ್ಲಿ ಬುಟ್ಟಿಗೆ ಕೈ ಹಾಕಿದವನಿಗೆ ಮೇಲಿದ್ದದ್ದೇ ಸಿಗುವ ಹಾಗೆ ಮೇಷ್ಟ್ರ ಬಾಯಿಗೂ ಹಳೆಯದೇ ಬಂತು.

"ತಡಿ. ದೋಣಿಗೆ ಅಡ್ಡ ಒಂದು ಮಗು ನೀರಿಗೆ ಓಡಿಬರ್ತಿದೆ. ಚಿಕ್ಕದು. ಒಂದೇ ಕಾಲಲ್ಲಿ ಚಪ್ಪಲಿ."

ಪುಟ್ಟಿ ಅಣ್ಣನ ಮುಖವನ್ನೇ ನೋಡಿದಳು.

"ಯಾವ ಕಾಲು ಅಣ್ಣ?"

ತಮ್ಮ ಬಾಯಿಂದ ಬಂದದ್ದೇನೆಂದು ಮೇಷ್ಟ್ರಿಗೆ ಆಗ ಗೊತ್ತಾಯಿತು. "ಅದು... ಬಲಗಾಲು" ಅಂದರು.

"ಅವತ್ತು ನೀನೇ ಎಡಗಾಲು ಅಂದಿದ್ದೆ."

ವೆಲ್ಡರ್‌ಗಾಗಲಿ ಅಂಗಡಿಯಾಕೆಗಾಗಲಿ ಏನೂ ಅರ್ಥವಾಗಲಿಲ್ಲ. ಪುಟ್ಟಿ ಮೇಜಿನ ಮೇಲಿದ್ದ ತನ್ನ ಪುಟ್ಟ ಮರದ ದೋಣಿಯನ್ನು ಬೆರಳಿನಿಂದ ಮುಂದಕ್ಕೆ ತಳ್ಳಿದಳು.

"ದೋಣಿ ನಿಲ್ಲಿಸಲ್ಲ."

"ಮಗು ಸಾಯುತ್ತೆ ಪುಟ್ಟಿ."

"ಇಲ್ಲದ ಮಗು ಹೇಗೆ ಸಾಯುತ್ತೆ?"

ಮೇಷ್ಟ್ರ ಕೈ ಮರೆಯ ಹಿಂದೆ ದಾಳ ಎಸೆದಂತೆ ಅಲ್ಲಾಡಿತು. "ದಾಳ ಕೆಟ್ಟದಾಗಿ ಬಿತ್ತು. ದೋಣಿ ಮುಳುಗಿತು. ನೀನು ಸತ್ತೆ."

ಪುಟ್ಟಿ ಎರಡೂ 'ಎಲ್' ಬೋರ್ಡುಗಳನ್ನು ಎತ್ತಿ ಪಕ್ಕಕ್ಕಿಟ್ಟಳು. ದಾಳ ಬಿದ್ದೇ ಇರಲಿಲ್ಲ. ಅಣ್ಣನ ಮುಷ್ಟಿಯಲ್ಲೇ ಇತ್ತು. ವೆಲ್ಡರ್ ಅದನ್ನು ನೋಡಿ, ಇಷ್ಟು ವರ್ಷ ತಾನು ಸೋತದ್ದನ್ನೆಲ್ಲ ನೆನೆಸಿಕೊಂಡವನಂತೆ ಎದ್ದು, ಚಪ್ಪಲಿ ಮೆಟ್ಟಿ ಹೊರಟುಹೋದ. ಅಂಗಡಿಯಾಕೆಯೂ ಹಿಂದೆಯೇ ಹೋದಳು.

ಪುಟ್ಟಿ ಜಗಳವಾಡಲಿಲ್ಲ. ಬೇರೆ ಶಾಲೆಯ ಕಾರಿನಲ್ಲಿ ಪರೀಕ್ಷೆ ಕೊಟ್ಟು ಪಾಸಾದಳು. ಬೇಕರಿಯ ಕೆಲಸ ಇನ್ನೂ ಖಾಲಿಯೇ ಇತ್ತು. ಹೊರಡುವವರೆಗೂ ಅಡುಗೆ ಮಾಡಿ ಮುಚ್ಚಿಡುತ್ತಿದ್ದಳು, ಬಡಿಸುತ್ತಿರಲಿಲ್ಲ. "ಅಂಬಿಗಿತ್ತಿನ ಬದುಕಿಸ್ತೀನಿ, ಆಚೆ ದಡದಲ್ಲಿ ಊರೇ ಕಟ್ಟಿಕೊಡ್ತೀನಿ" ಅಂದರು ಮೇಷ್ಟ್ರು ಒಂದು ಸಂಜೆ. "ಅವಳು ಸತ್ತಾಯ್ತಲ್ಲ ಅಣ್ಣ, ನೀನೇ ಹೇಳಿದೆ" ಅಂದು ಅವಳು ಪಾತ್ರೆ ತೊಳೆದಳು.

ಹೊರಡುವ ಬೆಳಗ್ಗೆ ಬ್ರೆಡ್ಡಿನ ವ್ಯಾನು ಮನೆಯ ಮುಂದೆ ನಿಂತಿತು. ಶಾಲೆಯವರೆಗೆ ಬಿಡು ಎಂದು ಮೇಷ್ಟ್ರು ಪಕ್ಕದ ಸೀಟಿನಲ್ಲಿ ಹತ್ತಿ ಕೂತರು. ಅವರ ಕಾಲಡಿ ಬರೀ ರಬ್ಬರ್ ಮ್ಯಾಟು. ಪುಟ್ಟಿ ಗೇರ್ ಬದಲಿಸಿದಾಗಲೆಲ್ಲ ಅವರ ಬಲಗಾಲು ಆ ಮ್ಯಾಟನ್ನು ಒತ್ತಿ ಒತ್ತಿ ನೋಡಿತು. ವ್ಯಾನು ಹೋಗುತ್ತಲೇ ಇತ್ತು. ಪರೀಕ್ಷೆಯ ಅದೇ ನೇರ ರಸ್ತೆ ಬಂತು. ಅದು ಮುಗಿದರೆ ಶಾಲೆ, ಆಮೇಲೆ ಅವಳಿಲ್ಲದ ಮನೆ. ಹೆದರಿಕೆ ಎಂದರೇನೆಂದು ಮೇಷ್ಟ್ರಿಗೆ ಆಗ ತಿಳಿಯಿತು. ಹೋಗಬೇಡ ಎನ್ನಬಹುದಿತ್ತು. ತಪ್ಪಾಯಿತು ಎನ್ನಬಹುದಿತ್ತು.

"ಪುಟ್ಟಿ, ಮಗು!" ಅಂದರು.

ಅವಳು ರಸ್ತೆ ನೋಡಿದಳು, ಎರಡೂ ಕನ್ನಡಿ ನೋಡಿದಳು. ವೇಗ ಕಡಿಮೆ ಮಾಡಲಿಲ್ಲ.

"ಚಪ್ಪಲಿ ಯಾವ ಕಾಲಲ್ಲಿ ಅಣ್ಣ?"

ಶಾಲೆಯ ಗೇಟಿನ ಮುಂದೆ ಅವಳು ಒಂದಿಷ್ಟೂ ಕುಲುಕದೆ ವ್ಯಾನು ನಿಲ್ಲಿಸಿದಳು. ಇಲ್ಲಿ ಇಳಿಯುತ್ತೀಯೋ ಮುಂದೆ ಇಳಿಯುತ್ತೀಯೋ ಎಂದು ಕೇಳಲಿಲ್ಲ.

"ಇಳಿ" ಅಂದಳು.

ಮೇಷ್ಟ್ರು ಇಳಿದರು.