ಸೋತವರಿಗೆ ಹಸಿರು ಬಳೆ

ಬೈಲಹೊಂಗಲದ ಬಳೆಗಾರ ನಿಜಗುಣಪ್ಪ ಹುತುತು ಆಟಕ್ಕೆ ಕಣಕ್ಕಿಳಿದದ್ದು ಜೀವಮಾನದಲ್ಲಿ ಒಂದೇ ಸಲ. ಅವತ್ತು ಗರಡಿಯ ಗುಂಪಿನಲ್ಲಿ ಒಬ್ಬ ಕಡಿಮೆ ಬಿದ್ದಿದ್ದ. ದಾರಿ ಹಿಡಿದು ಹೊರಟಿದ್ದ ಇವನನ್ನೇ ಎಳೆದು ನಿಲ್ಲಿಸಿದರು. ಕಾಸೆ ಬಿಗಿದು, ದಮ್ಮು ಹಿಡಿದು, "ಹುತುತು ಹುತುತು" ಅನ್ನುತ್ತ ಗೆರೆ ದಾಟಿ ಎದುರಿನವರ ಕಡೆ ಹೊಕ್ಕ. ಒಬ್ಬರೂ ಕೈ ಹಾಕಲಿಲ್ಲ, ಅಷ್ಟರಲ್ಲಿ ಸೀನು ಬಂತು. ದಮ್ಮು ಹರಿಯಿತು, ಸತ್ತ ಅಂತ ಹೊರಗೆ ಕೂರಿಸಿದರು.

"ಒಮ್ಮೆ ಹೊಕ್ಕೇನಿ, ಒಮ್ಮೆ ಸತ್ತೇನಿ. ಹೊಕ್ಕಷ್ಟು ಸಲಾನೂ ತಪ್ಪದ ಸತ್ತಾಂವ ನಾಕೂ ಊರಾಗ ನಾ ಒಬ್ಬನ," ಅಂತ ತಾನೇ ಹೇಳಿಕೊಂಡು ನಗುತ್ತಿದ್ದ.

ಪ್ಲೇಗಿನ ಗುಡಿಸಲು ಕಿತ್ತು ಜನ ಮತ್ತೆ ಊರೊಳಗೆ ಬಂದು ಒಲೆ ಹೂಡಿದ ವರ್ಷಗಳು ಅವು. ಬದುಕಿ ಉಳಿದ ಗಂಡಸರಿಗೆ ಮೈತುಂಬ ಹುರುಪು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ಊರಿನ ಗರಡಿಯವರು ಕೂಡಿ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಒಂದೊಂದು ಊರಿನವರು ಉಳಿದ ಮೂರೂ ಊರಿನವರ ಕೂಡ ಆಡಬೇಕು. ಹೆಚ್ಚು ಆಟ ಗೆದ್ದವರದು ಆ ವರ್ಷ. ಪಂಚಮಿಯ ಮರುದಿನ ಕಡೇ ಆಟ.

ಹೆಂಗಸರು ಕಣದ ಹತ್ತಿರ ಸುಳಿಯುವಂತಿರಲಿಲ್ಲ. ಆದರೆ ಕಿತ್ತೂರು ಯಾರಿಗೆ ಸೋತಿತು, ರಾಮದುರ್ಗದವರು ಯಾರ ಕಾಲು ಹಿಡಿದು ಕೆಡವಿದರು ಅನ್ನುವುದನ್ನು ನೋಡಿ ಬಂದ ಗಂಡಸರಿಗಿಂತ ಪಡಸಾಲೆಯಲ್ಲಿ ಕುಂತ ಹೆಂಗಸರೇ ಚಂದ ಹೇಳುತ್ತಿದ್ದರು. ಹೇಳಿಕೊಟ್ಟವನು ನಿಜಗುಣಪ್ಪ. ಬಳೆಯ ಸರ ಕಟ್ಟಿದ ಮಲಾರ ಹೊತ್ತು ನಾಲ್ಕೂ ಊರು ತಿರುಗುವವನು ಅವನು. ಬಳೆಯನ್ನು ಕೈಯ ಗೆಣ್ಣು ದಾಟಿಸುವಾಗ ನೋವಾಗುತ್ತದೆ. ಆಗ ಆಟದ ಸುದ್ದಿ ತೆಗೆದರೆ ಕೇಳುವವಳು ನೋವು ಮರೆಯುತ್ತಾಳೆ, ಕೈ ಬೆಣ್ಣೆಯಾಗುತ್ತದೆ. ಆದರೆ ಅವಳ ಊರು ಸೋತಿದ್ದರೆ ಬಳೆ ಏರಿದ ಮೇಲೆಯೇ ಹೇಳಬೇಕು. ಮೊದಲೇ ಹೇಳಿದರೆ ಮುಷ್ಟಿ ಬಿಗಿದು ಬಳೆ ಚೂರು.

ಆ ವರ್ಷ ಕಡೇ ಆಟ ಬೈಲಹೊಂಗಲಕ್ಕೂ ಸವದತ್ತಿಗೂ ಬಿತ್ತು. ಎರಡೂ ಊರು ಉಳಿದವರನ್ನೆಲ್ಲ ಸೋಲಿಸಿ ಬಂದಿದ್ದವು. ಸವದತ್ತಿಯ ಮುಂದಾಳು ಜಟ್ಟೆಪ್ಪ, ನಿಜಗುಣಪ್ಪನ ಹೆಂಡತಿ ಸತ್ಯವ್ವನ ಖಾಸಾ ತಮ್ಮ. ಕಡೆಗೆ ಅವನೊಬ್ಬನೇ ಉಳಿದು, ಇಬ್ಬರನ್ನು ಮುಟ್ಟಿ ತಿರುಗಿದ. ಗೆರೆ ಇನ್ನೊಂದು ಗೇಣು ಇದೆ ಅನ್ನುವಾಗ ದಮ್ಮು ಹರಿಯಿತು. ಬೈಲಹೊಂಗಲ ಗೆದ್ದಿತು.

ಗೆದ್ದವರು ಸೋತ ಊರಿನ ಮುಂದಾಳಿಗೆ ಒಂದು ಡಜನ್ ಹಸಿರು ಬಳೆ ಕಳಿಸುವುದು ಪದ್ಧತಿ. ಅವನು ಅವನ್ನು ಮುಂದಿನ ಪಂಚಮಿಯವರೆಗೆ ತನ್ನ ಗರಡಿಯ ಗೂಟಕ್ಕೆ ಹಾಕಿ, ದಿನಾ ನೋಡುತ್ತ ಸಾಮು ಮಾಡಬೇಕು. ಬೈಲಹೊಂಗಲದ ಮುಂದಾಳು ಹನುಮಪ್ಪ ಬಳೆಗಾರನ ಕಟ್ಟೆಗೆ ಬಂದು ಕುಂತ.

"ನಿಜಗುಣಪ್ಪಾ, ಹೆಂಡ್ತೀನ್ನ ಕರಕೊಂಡ ಬರಾಕ ಸವದತ್ತಿಗಿ ಹೊಂಟಿಯಲ್ಲ. ಹಂಗ ಜಟ್ಟೆಪ್ಪಗ ಬಳಿ ಒಯ್ಯಿ."

"ಅಂವ ನನ್ನ ಹೆಂಡ್ತಿ ತಮ್ಮರೀ."

"ಅದಕ್ಕ ನಿನಗ ಹೇಳಾಕತ್ತೇನಿ. ಬ್ಯಾರೇದಾವ್ರು ಹೋದ್ರ ಹೊಡೀತಾನ."

"ನನ್ನ ಹೊಡ್ಯೂದಿಲ್ಲೇನ್ರಿ?"

"ಹೊಡೀತಾನ. ಆದ್ರ ಅಕ್ಕನ ಮಾರಿ ನೋಡಿ ಸಾವಕಾಶ ಹೊಡೀತಾನ."

ಒಲ್ಲೆ ಅನ್ನುವ ಹಾಗಿಲ್ಲ. ಬೈಲಹೊಂಗಲದ ಓಣಿಗಳೇ ಅವನ ಅನ್ನ. ಒಯ್ದರೆ ಅತ್ತೆಯ ಮನೆಯವರು ಮಗಳನ್ನು ಕಳಿಸುವುದಿಲ್ಲ. ಅವಳು ಪಂಚಮಿಗೆಂದು ತವರಿಗೆ ಹೋದಾಗಿನಿಂದ ಅವನ ಮನೆ ಮನೆಯಾಗಿ ಇರಲಿಲ್ಲ. ಅವನು ಬಡಿದ ರೊಟ್ಟಿಯನ್ನು ಓಣಿಯ ನಾಯಿ ಮೂಸಿ, ಅವನ ಮುಖ ನೋಡಿ, ಸುಮ್ಮನೆ ಹೋಗಿತ್ತು. ಸತ್ಯವ್ವ ಬಂದರೆ ಸಾಕಾಗಿತ್ತು ಅವನಿಗೆ. ಅದಕ್ಕೆ ಒಂದು ಉಪಾಯ ಹೂಡಿದ. ಮೊದಲು ಹೆಂಡತಿಯ ಉಡಿ ತುಂಬಿಸಿ ಹೊರಡಿಸಬೇಕು, ಅವಳು ಹೊಸ್ತಿಲು ದಾಟಿದ ಮೇಲೆ ಬಳೆಯ ಗಂಟನ್ನು ಜಟ್ಟೆಪ್ಪನ ಕೈಯಲ್ಲಿಟ್ಟು ಓಡಬೇಕು. ಓಡುವುದರಲ್ಲಿ ಮಾತ್ರ ತನಗೆ ಯಾರೂ ಸರಿಸಾಟಿ ಇಲ್ಲ ಅಂತ ಅವನಿಗೆ ನಂಬಿಕೆಯಿತ್ತು.

ಇಷ್ಟೆಲ್ಲ ಶಾಣ್ಯಾತನ ಮಾಡಿದವನು ಒಂದು ಕಡೆ ಎಡವಿದ. ಗೂಟಕ್ಕೆ ಹಾಕುವ ಬಳೆ ಯಾವ ಅಳತೆಯದಾದರೇನು? ಆದರೆ ಕೈಗೆ ಕೂಡದ ಬಳೆ ಒಯ್ದ ಅನ್ನಿಸಿಕೊಳ್ಳುವುದು ಬಳೆಗಾರನಿಗೆ ಸಾಯುವಷ್ಟು ನಾಚಿಕೆ. ಜಟ್ಟೆಪ್ಪನ ಅಂಗೈ ಅಗಲ, ಗೆಣ್ಣಿನ ದಪ್ಪ ನೆನೆಸಿಕೊಂಡು, ಗಾಜು ಕಾಯಿಸಿ ಬಳೆ ಮಾಡುವ ಭಟ್ಟಿಯವನ ಎದುರು ಕುಂತು ಹೇಳಿ ಹೇಳಿ ಮಾಡಿಸಿದ. ಎರಡು ಸರಿಬರಲಿಲ್ಲ ಅಂತ ತಿರುಗಿ ಮಾಡಿಸಿದ. ಆಮೇಲೆ ಮಲಾರ ಹೊತ್ತು, ಮನೋಳಿಯ ಹತ್ತಿರ ಹರಿಗೋಲಿನಲ್ಲಿ ಹೊಳೆ ದಾಟಿ ಸವದತ್ತಿಗೆ ಬಂದ.

ಅತ್ತೆ ಗುರುಬಸವ್ವ ಕಾಲಿಗೆ ನೀರು ಕೊಟ್ಟಳು, ತಿನ್ನಲು ಪಂಚಮಿಯ ಉಂಡಿ ಇಟ್ಟಳು. ಜಟ್ಟೆಪ್ಪ ಮೂಲೆಯಲ್ಲಿ ಮುಖ ಗಂಟು ಹಾಕಿ ಕುಂತಿದ್ದ. ನಿಜಗುಣಪ್ಪ ಉಂಡಿ ಕಡಿಯುವುದರಲ್ಲಿದ್ದ, ಅಷ್ಟರಲ್ಲಿ ಅತ್ತೆ ಮಲಾರದ ಬದಿಯ ಗಂಟು ನೋಡಿದಳು. ಅಳಿಯ ಹಬ್ಬಕ್ಕೆ ತಂದಿದ್ದಾನೆ ಅಂತ ಬಿಚ್ಚಿದಳು. ಹಸಿರು ಬಳೆ ಫಳಫಳ ಅಂದವು. ಒಂದನ್ನು ಕೈಗೆ ಹಾಕಿಕೊಂಡಳು, ಅದು ಸರ್ರನೆ ಮೊಣಕೈವರೆಗೆ ಇಳಿಯಿತು. ಮಗಳ ಕೈಗೆ ಹಾಕಿದಳು, ಭುಜದ ಹತ್ತಿರ ಹೋಗಿ ನಿಂತಿತು.

"ಅಳಿಯದೇವ್ರ," ಅಂದಳು ಗುರುಬಸವ್ವ ಮೆಲ್ಲಗೆ, "ಇದು ಯಾ ಹೆಣ್ಮಗಳ ಕೈ ಅಳತಿರಿ?"

ನಿಜಗುಣಪ್ಪನ ಬಾಯಲ್ಲಿ ಉಂಡಿ. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

"ಹೊಸಾ ಬಳಿ ಅದಾವ. ಅಳತಿ ಕೊಟ್ಟು ಮಾಡಿಸಿದ್ದು ಕಂಡಂಗ ಕಾಣತೈತಿ," ಅಂದಳು ಸತ್ಯವ್ವ. "ಯಾರ ಅದಾಳ ಹೇಳ್ರಿ. ಕಟಿಗಿ ಒಡ್ಯೂ ಕೈ ಇರಬೇಕು."

"ಹೆಣ್ಣಲ್ಲ," ಅಂದ ನಿಜಗುಣಪ್ಪ.

"ಮತ್ತ?"

"ಜಟ್ಟೆಪ್ಪ."

ಜಟ್ಟೆಪ್ಪ ಎದ್ದು ಬಂದ. ನಿಜಗುಣಪ್ಪ ಕಣ್ಣು ಮುಚ್ಚಿ, ಏಟು ಎಡಗೆನ್ನೆಗೆ ಬೀಳಲಿ, ಬಲಗಡೆ ಹಲ್ಲು ಮೊದಲೇ ಅಲ್ಲಾಡುತ್ತದೆ ಅಂದುಕೊಂಡ. ಏಟು ಬರಲಿಲ್ಲ. ಕಣ್ಣು ಬಿಟ್ಟರೆ ಜಟ್ಟೆಪ್ಪ ಬಳೆಯೊಂದನ್ನು ಕೈಗೆ ಏರಿಸಿ, ಮಣಿಕಟ್ಟು ತಿರುಗಿಸಿ ನೋಡುತ್ತಿದ್ದ. ನೀರು ಸುರಿದ ಹಾಗೆ ಏರಿತ್ತು.

"ಮಾಂವಾ, ಬರೋಬ್ಬರಿ ಕುಂತೈತಿ ನೋಡ್ರಿ. ಯಾವಾಗ ಅಳತಿ ತಗೊಂಡಿದ್ರಿ?"

"ಕಡೇ ಆಟದಾಗ ನಿನ್ನ ಹಿಡ್ಯಾಕ ನಮ್ಮವ್ರು ಹೆಣಗುವಾಗ ಕೈ ನೋಡಿದ್ನಿ."

"ಎಲ್ಲಾರೂ ಆಟ ನೋಡಾಕತ್ತಿದ್ರ ನೀವು ನನ್ನ ಗೆಣ್ಣು ನೋಡಾಕತ್ತಿದ್ರಿ." ಜಟ್ಟೆಪ್ಪನಿಗೆ ನಗು ತಡೆಯಲಿಲ್ಲ. "ಸೋತೇವಿ, ಗೂಟಕ್ಕ ಹಾಕ್ತೇವಿ. ಅದಕ್ಕೇನ ಅಳಬೇಕೇನು?"

ಗುರುಬಸವ್ವ ಮುಖ ಊದಿಸಿಕೊಂಡರೂ ಮಗನೇ ನಕ್ಕ ಮೇಲೆ ಏನು ಮಾಡಿಯಾಳು. ಉಡಿ ತುಂಬಲು ಅಕ್ಕಿ ತರಲು ಎದ್ದಳು. ನಿಜಗುಣಪ್ಪ ಉಂಡಿ ನುಂಗಿದ.

"ನಾ ಬರೂದಿಲ್ಲ," ಅಂದಳು ಸತ್ಯವ್ವ.

"ಯಾಕ? ತಮ್ಮಗ ಸಿಟ್ಟಿಲ್ಲಲ್ಲ."

"ತಮ್ಮಂದು ತಮ್ಮನ ಕಡೆ ಇರಲಿ. ಇಲ್ಲೆ ನೋಡ್ರಿ." ಎರಡೂ ಕೈ ಮುಂದೆ ಚಾಚಿದಳು. ಒಂದು ಕೆಂಪು, ಎರಡು ಹಳದಿ, ಒಂದು ಬಣ್ಣ ಹೋದ ನೀಲಿ. ಜೋಡಿ ತಪ್ಪಿದ್ದು, ಯಾರೂ ಕೊಳ್ಳದೆ ಉಳಿದದ್ದು. "ಲಗ್ನ ಆದಾಗಿಂದ ಬಳಿಗಾರನ ಹೆಂಡ್ತಿ ಇದನ್ನ ತೊಟ್ಟಾಳ. ನನ್ನ ತಮ್ಮನ್ನ ಅವಮಾನ ಮಾಡೂದಕ್ಕ ಭಟ್ಟೀಗಿ ಹೋಗಿ ಅಳತಿ ಕೊಟ್ಟೀರಿ. ನನ್ನ ಅಳತಿ ನಿಮಗ ಗೊತ್ತೈತೇನು?"

ಗೊತ್ತಿರಲಿಲ್ಲ. ಕಿತ್ತೂರಿನ ವಾಡೆಯ ಓಣಿಯವರ ಕೈಯ ಅಳತೆ ಕಣ್ಣು ಮುಚ್ಚಿ ಹೇಳುತ್ತಿದ್ದ. ದಾರಿಯಲ್ಲಿನ ಕಟಕೋಳದ ಮುದುಕಿಯರ ಗೆಣ್ಣು ಯಾವ ಮಳೆಗೆ ಬಾತುಕೊಳ್ಳುತ್ತದೆ ಅನ್ನುವುದೂ ಗೊತ್ತಿತ್ತು. ಮನೆಯಲ್ಲಿ ಎದುರಿಗೆ ರೊಟ್ಟಿ ಇಡುವ ಕೈ ಮಾತ್ರ ನೋಡಿಯೇ ಇರಲಿಲ್ಲ.

"ಇಲ್ಲೇ ತೊಡಸ್ರಿ," ಅಂದಳು.

ಅಲ್ಲಿ ಸಿಕ್ಕಿಬಿದ್ದ ನಿಜಗುಣಪ್ಪ. ನಾಲ್ಕು ಊರಿನ ಹೆಂಗಸರ ಕೈ ಅವರ ಅತ್ತೆ ಮಾವಂದಿರ ಎದುರೇ ಹಿಡಿದವನು, ಸ್ವಂತ ಹೆಂಡತಿಯ ಕೈಯನ್ನು ಸ್ವಂತ ಅತ್ತೆಯ ಎದುರು ಹಿಡಿಯುವುದು ಹೇಗೆ? ಯಾವ ಗಂಡ ಹಿಡಿದಿದ್ದಾನೆ? ಅತ್ತೆ ಒಳಗೆ ಹೋಗಲಿ ಅಂತ ಕಾದ. ಗುರುಬಸವ್ವ ಅಕ್ಕಿಯ ಮೊರ ಕೆಳಗಿಟ್ಟು ಎದುರೇ ಚಕ್ಕಳಮಕ್ಕಳ ಹಾಕಿ ಕುಂತಳು.

ನಿಜಗುಣಪ್ಪ ಮಲಾರ ಬಿಚ್ಚಿ ಅಂದಾಜಿನ ಮೇಲೆ ಒಂದು ತೆಗೆದ, ಬಿಗಿಯಾಯಿತು, ಚೂರಾಯಿತು. ಇನ್ನೊಂದು ತೆಗೆದ, ಸಡಿಲಾಯಿತು.

"ನಾನು ಆಟದಾಗೂ ಇಷ್ಟ ಬೆವರಿಲ್ಲ ಮಾಂವಾ," ಅಂದ ಜಟ್ಟೆಪ್ಪ.

"ನೀ ಸುಮ್ಮನಿರೋ. ನಿನಗ ಬರೇ ಬೈಲಹೊಂಗಲದಾವ್ರು ಎದುರಿದ್ರು."

ಕಡೆಗೆ ಅವನು ಅಂದಾಜು ಬಿಟ್ಟ. ಸತ್ಯವ್ವನ ಬೆರಳುಗಳನ್ನು ಕೂಡಿಸಿ, ಗೆಣ್ಣಿನ ಮೇಲೆ ಹೆಬ್ಬೆರಳಾಡಿಸಿ, ಕಾಯಿಗಟ್ಟಿದ ಅಂಗೈಯನ್ನು ತಿರುವಿ ನೋಡಿದ. ಬೀಸುಕಲ್ಲಿನ ಗೂಟ ಹಿಡಿದು ಹಿಡಿದು ಬಲಗೈ ಎಡಗೈಗಿಂತ ಒಂದು ನೂಲು ದಪ್ಪವಾಗಿತ್ತು. ಎರಡು ಕೈಗೆ ಎರಡು ಅಳತೆ ಆರಿಸಿದ. ಹಸಿರು ಬಳೆ ಒಂದೊಂದಾಗಿ ಏರಿದವು. ಅವಳು ಮುಖ ಆ ಕಡೆ ತಿರುಗಿಸಿಕೊಂಡಿದ್ದಳು, ಕೈ ಮಾತ್ರ ಎಳೆದುಕೊಳ್ಳಲಿಲ್ಲ.

ಗುರುಬಸವ್ವ ಮಗಳ ಉಡಿ ತುಂಬಿದಳು. ಸತ್ಯವ್ವ ಸೆರಗು ಸರಿಮಾಡಿಕೊಂಡು ಎದ್ದಳು.

"ನಡೀರಿ, ಹರಿಗೋಲು ತಪ್ಪೀತು."

ನಿಜಗುಣಪ್ಪ ಅವಸರಕ್ಕೆ ಮಲಾರವನ್ನು ತಲೆಕೆಳಗು ಮಾಡಿ ಹೊತ್ತುಕೊಂಡ. ಜಟ್ಟೆಪ್ಪ ಅದನ್ನು ಇಳಿಸಿ, ನೆಟ್ಟಗೆ ಮಾಡಿ, ಮತ್ತೆ ಅವನ ಹೆಗಲಿಗೇರಿಸಿದ. ಸತ್ಯವ್ವ ಆಗಲೇ ಓಣಿಯ ತಿರುವಿನಲ್ಲಿದ್ದಳು.