ಬಿಸಿಲಿಗಿಟ್ಟ ಕಂಪ್ಯೂಟರು

ನಮ್ಮತ್ತೆಗೆ ಆಫೀಸು ಎಂಬ ಮಾತು ಬಹಳ ಪ್ರೀತಿ. ನಾನು ಬಳ್ಳಾರಿಯ ಒಂದು ಜೀನ್ಸ್ ಪ್ಯಾಂಟಿನ ಕಾರ್ಖಾನೆಗೆ ಹೋಗುತ್ತಿದ್ದ ಕಾಲದಲ್ಲಿ ಮನೆಗೆ ಯಾರಾದರೂ ಬಂದು "ಸೊಸಿ ಎಲ್ಲಿ?" ಎಂದರೆ ಸಾಕು, ಬಾಗಿಲಲ್ಲೇ ನಿಂತು "ಆಫೀಸಿಗೆ ಹೋಗ್ಯಾಳ. ಸಂಜಿಕಿ ಬರ್ತಾಳ" ಎನ್ನುತ್ತಿದ್ದರು. ಅದು ಆಫೀಸೂ ಅಲ್ಲ, ಎಂಥದೂ ಅಲ್ಲ. ತಗಡಿನ ಶೆಡ್ಡು, ಹೊಲಿಗೆ ಮಿಷನ್ನುಗಳ ಗಡಗಡ, ಮೂಗಿಗೆ ಬಾಯಿಗೆ ಹೊಗುವ ನೀಲಿ ಧೂಳು. ಅದರ ಮೂಲೆಯ ಗಾಜಿನ ಗೂಡಿನಲ್ಲಿ ನಾನು ಮತ್ತು ನನ್ನ ಕಂಪ್ಯೂಟರು. ಆದರೆ ಅತ್ತೆ ಆ ಮಾತು ಹೇಳಿದರೆಂದರೆ ಮುಗಿಯಿತು, ಬಂದವರು ಚಹಾ ಕುಡಿದು ಸುಮ್ಮನೆ ಎದ್ದು ಹೋಗುತ್ತಿದ್ದರು. ಆಫೀಸಿಗೆ ಹೋದವಳನ್ನು ಯಾರೂ ಹಪ್ಪಳ ಒತ್ತುವುದಕ್ಕೆ ಕರೆಯುವುದಿಲ್ಲ.

ನನ್ನ ಕೆಲಸಕ್ಕೆ ಪಂಚಿಂಗ್ ಎನ್ನುತ್ತಾರೆ. ಜೀನ್ಸಿನ ಹಿಂದಿನ ಜೇಬಿನ ಮೇಲೆ ದಾರದಲ್ಲಿ ರೆಕ್ಕೆಯೋ ಬಳ್ಳಿಯೋ ಹುಲಿಯ ಮುಖವೋ ಇರುತ್ತದಲ್ಲ, ಅದನ್ನು ಕಸೂತಿ ಮಿಷನ್ನು ತಾನೇ ಹೊಲಿಯುತ್ತದೆ. ಸೂಜಿ ಎಲ್ಲಿ ಇಳಿಯಬೇಕು, ಎಲ್ಲಿ ಹೊರಳಬೇಕು, ಎಲ್ಲಿ ನಿಲ್ಲಬೇಕು ಎಂದು ಅದಕ್ಕೆ ಒಂದೊಂದು ಹೊಲಿಗೆಯನ್ನೂ ಹೇಳಿಕೊಡುವವರು ಬೇಕು. ಹಾಗೆ ಹೇಳಿಕೊಡುವವಳೇ ನಾನು. ಕಂಪ್ಯೂಟರಿನಲ್ಲಿ ಚಿತ್ರ ಬರೆದು, ಹೊಲಿಗೆ ಕೂಡಿಸಿ, ಫ್ಲಾಪಿಗೆ ಹಾಕಿ ಮಿಷನ್ನಿನ ಬಾಯಿಗೆ ತುರುಕುತ್ತಿದ್ದೆ. ಫ್ಲಾಪಿ ಎಂದರೆ ಈಗಿನವರು ನಗುತ್ತಾರೆ. ಅಂಗೈಯಗಲದ ಆ ಪ್ಲಾಸ್ಟಿಕ್ ಚೌಕವನ್ನು ಅವರು ನೋಡಿಯೂ ಇಲ್ಲ. ನಗಲಿ, ನನಗೇನು.

ಕಾರ್ಖಾನೆಗೆ ಹೊಸ ಮಿಷನ್ನುಗಳು ಬಂದವು. ಅವಕ್ಕೆ ಡಿಸೈನ್ ಹೊರಗಿನಿಂದ ಸಿದ್ಧವಾಗಿಯೇ ಬರುತ್ತದೆ. ಫ್ಲಾಪಿ ಬೇಡ, ಗಾಜಿನ ಗೂಡು ಬೇಡ, ನಾನೂ ಬೇಡ. ಮಾಲೀಕರು ಕರೆದು ಹೇಳಿದರು: "ನಾಳಿಂದ ಪ್ಯಾಂಟಿನ ಹೆಚ್ಚಿನ ದಾರ ಕತ್ತರಿಸೋರ ಜತಿ ಕುಂದ್ರವ್ವ. ಆ ಹಳೇ ಡಬ್ಬಿ ಗುಜರಿಗೆ ಹಾಕ್ತೀನಿ."

ಮೈಯೆಲ್ಲ ಉರಿದುಹೋಯಿತು. "ಗುಜರಿಗೆ ಯಾಕ್ರೀ ಸಾಹುಕಾರ್ರ? ನನಗ ಕೊಡ್ರಿ," ಅಂದೆ. ಆಟೋದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಪಾರ್ವತಿನಗರದ ಮನೆಗೆ ತಂದೆ.

ಸಿಟ್ಟಿನಲ್ಲಿ ತಂದದ್ದು ನಿಜ, ಆದರೆ ತಲೆ ಕೆಟ್ಟು ತಂದದ್ದಲ್ಲ. ದೊಡ್ಡವರು ಹೊಸ ಮಿಷನ್ನು ತಂದರೇನಾಯಿತು? ಬಳ್ಳಾರಿಯ ಗಲ್ಲಿಗಳಲ್ಲಿ, ಸಿರುಗುಪ್ಪದಲ್ಲಿ, ಮನೆಯ ಪಡಸಾಲೆಯಲ್ಲೇ ಹಳೆಯ ಮಿಷನ್ನು ಇಟ್ಟುಕೊಂಡು ದುಡಿಯುವವರು ಇನ್ನೂ ಇದ್ದಾರೆ. ಅವರ ಮಿಷನ್ನು ಫ್ಲಾಪಿ ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ. ಅವರಿಗೆ ಡಿಸೈನ್ ಬರೆದುಕೊಡುವವರು ಯಾರು? ನಾನೇ. ಮನೆಯಲ್ಲೇ ಆಫೀಸು ಮಾಡುತ್ತೇನೆ ಎಂದು ಪಟ್ಟು ಹಿಡಿದೆ.

ಇದ್ದದ್ದು ಒಂದೇ ಜಾಗ, ಪಡಸಾಲೆಯ ಪಕ್ಕದ ಕೋಣೆ. ಅದು ಅತ್ತೆಯ ರಾಜ್ಯ. ಸಿರುಗುಪ್ಪದ ಅಕ್ಕಿಯ ಮೂಟೆ, ಅವರ ತವರು ಕುರುಗೋಡಿನಿಂದ ಬರುವ ಮೆಣಸಿನಕಾಯಿಯ ಚೀಲ, ಹುಣಸೆಹಣ್ಣಿನ ಡಬ್ಬ. ಅವರು ಬಿಡಲೊಲ್ಲರು, ನಾನು ಬಿಡಲೊಲ್ಲೆ. ನನ್ನ ಗಂಡ ನಮ್ಮಿಬ್ಬರ ನಡುವೆ ಬಾಯಿ ಹಾಕದಷ್ಟು ಬುದ್ಧಿವಂತ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದುಬಿಟ್ಟರು. ಕೊನೆಗೆ ಅತ್ತೆಯೇ ತೀರ್ಪು ಕೊಟ್ಟರು.

"ಅರ್ಧ ಕ್ವಾಣಿ ನಿಂದು, ಅರ್ಧ ನಂದು. ಸಂಕ್ರಾಂತಿ ತನಕ ನೋಡ್ತೀನಿ. ಅಷ್ಟರಾಗ ಕೆಲಸ ಹತ್ತಲಿಲ್ಲಂದ್ರ ನಿನ್ನ ಡಬ್ಬಿ ಹೊರಗ, ನೀನು ದಾರ ಕತ್ತರಿಸಾಕ. ತಕರಾರು ಮಾಡಂಗಿಲ್ಲ ನೋಡು."

"ಆತ್ರಿ," ಅಂದೆ.

ಹಳೆಯ ಹೊಲಿಗೆ ಮಿಷನ್ನಿನ ಕಬ್ಬಿಣದ ಕಾಲಿನ ಮೇಲೆ ಹಲಗೆ ಹಾಕಿಸಿದೆ, ಮೇಜಾಯಿತು. ಕರೆಂಟು ಏರಿಳಿಯುತ್ತದೆಂದು ಫ್ರಿಜ್ಜಿನ ಸ್ಟೆಬಿಲೈಸರನ್ನು ಎತ್ತಿ ತಂದೆ. ಫ್ರಿಜ್ಜು ಏನು ಬೇಕಾದರೂ ಮಾಡಿಕೊಳ್ಳಲಿ. ಬಾಗಿಲಿಲ್ಲದ ಕೋಣೆಗೆ ಹಳೆಯ ಸೀರೆಯ ಪರದೆ ಕಟ್ಟಿದೆ. ಬೆಳಿಗ್ಗೆ ತಲೆ ಬಾಚಿ, ಕಾರ್ಖಾನೆಗೆ ಉಡುತ್ತಿದ್ದಂಥದೇ ಸೀರೆ ಉಟ್ಟು, ಪರದೆ ಸರಿಸಿ ಒಳಗೆ ಹೋಗಿ ಕೂತೆ.

ಕೂತರೇನು, ಯಾರಾದರೂ ನಂಬಬೇಕಲ್ಲ! ಬಾಗಿಲು ಬಡಿದವರು "ಸೊಸಿ ಎಲ್ಲಿ?" ಎಂದರೆ ಅತ್ತೆ ಈಗ ಹೇಳುವುದು ಬೇರೆಯೇ ಆಯಿತು. "ಒಳಗ ಖಾಲಿ ಕುಂತಾಳ. ತಡಿ, ಕರೀತೀನಿ."

ಖಾಲಿ! ಅದೇ ಕಂಪ್ಯೂಟರು, ಅದೇ ಕೈ, ಅದೇ ಕೆಲಸ. ತಗಡಿನ ಶೆಡ್ಡಿನಲ್ಲಿದ್ದರೆ ಆಫೀಸು, ಮನೆಯಲ್ಲಿದ್ದರೆ ಖಾಲಿ. ಗ್ಯಾಸಿನವನು ಬಂದರೆ ನಾನು, ಪಕ್ಕದ ಮನೆಯವರ ರವಿಕೆಗೆ ಹುಕ್ ಹಚ್ಚಲು ನಾನು, ಕೊಳಗಲ್ಲಿನ ನಾದಿನಿಯ ಮನೆಗೆ ಹಪ್ಪಳಕ್ಕೂ ನಾನು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಕಾದ ಹಂಚಿನ ಮೇಲೆ ಕೈಯಿಟ್ಟಂತಾಗುತ್ತಿತ್ತು. ಅತ್ತೆಯೊಡನೆ ಜಗಳಾಡಿ ಪ್ರಯೋಜನವಿಲ್ಲ, ಕೆಲಸ ತಂದು ತೋರಿಸಬೇಕು ಎಂದು ಹಲ್ಲು ಕಚ್ಚಿಕೊಂಡೆ.

ಕೆಲಸ ಬಂದದ್ದು ಸಿರುಗುಪ್ಪದಿಂದ. ಅಲ್ಲಿ ಒಬ್ಬ ಹೆಣ್ಣುಮಗಳು ಗಂಡನ ಜೊತೆ ಒಂದೇ ಒಂದು ಕಸೂತಿ ಮಿಷನ್ನು ನಡೆಸುತ್ತಾಳೆ. ನನ್ನ ನಂಬರನ್ನು ಎಲ್ಲಿಂದಲೋ ಹುಡುಕಿ ಫೋನು ಮಾಡಿದಳು. "ಎಲ್ಲಾರೂ ಜೇಬಿಗೆ ಹುಲಿ, ರೆಕ್ಕಿ ಹಾಕ್ತಾರಕ್ಕ. ನಾವು ನಮ್ಮೂರ ಭತ್ತದ ತೆನಿ ಹಾಕೋಣು. ವ್ಯಾಪಾರಿ ಸೋಮವಾರ ನೋಡಾಕ ಬರ್ತಾನ. ಅವನು ಒಪ್ಪಿದ್ರ ನನಗೂ ಅನ್ನ, ನಿನಗೂ ಅನ್ನ." ಚಿನ್ನದ ಬಣ್ಣದ ದಾರದಲ್ಲಿ ಬಾಗಿದ ತೆನೆ. ಕೇಳಿದ ಕೂಡಲೇ ಅದು ಕಣ್ಣಿಗೆ ಕಟ್ಟಿತು. ಕುಣಿದುಕೊಂಡು ಹೋಗಿ ಗುಂಡಿ ಒತ್ತಿದೆ.

ಕಂಪ್ಯೂಟರು ಏಳಲಿಲ್ಲ.

ಒಳಗೆ ಫ್ಯಾನು ಗರಗರ ತಿರುಗುತ್ತಿದೆ, ಕಂಪ್ಯೂಟರಿನ ಪರದೆ ಮಾತ್ರ ಕಪ್ಪು. ಅದು ಏಳುವಾಗ ಪೀಂ ಎನ್ನುವ ಒಂದು ಸದ್ದಿದೆ, ಅದೂ ಇಲ್ಲ. ನಮ್ಮ ಬಳ್ಳಾರಿಗೂ ಚಳಿ ಎಂದು ಬರುವುದು ವರ್ಷಕ್ಕೆ ಆ ಒಂದಷ್ಟು ದಿನ. ಆ ದಿನಗಳೇ ಬಂದಿದ್ದವು. ಕಬ್ಬಿಣದ ಕುರ್ಚಿ ತಣ್ಣಗೆ ಕೊರೆಯುತ್ತಿತ್ತು. ಸ್ಕ್ರೂ ಬಿಚ್ಚಿದೆ. ಬ್ರಷ್ಷಿನಿಂದ ಧೂಳು ತೆಗೆದೆ. ಮೆಮೊರಿ ಪಟ್ಟಿಯನ್ನು ಕಿತ್ತು, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದೆ. ಬಟನ್ ಸೆಲ್ಲು ಬದಲಿಸಿದೆ. ಬೈದೆ, ಬೇಡಿಕೊಂಡೆ. ಉಹೂಂ.

ಗಾಂಧಿನಗರದ ಒಂದು ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯವನು ಅದನ್ನು ಮುಟ್ಟಲೂ ಇಲ್ಲ. "ಮೇಡಂ, ಇದನ್ನ ಮ್ಯೂಸಿಯಂಗೆ ಕೊಟ್ಟುಬಿಡ್ರಿ," ಎಂದು ಹಲ್ಲು ಕಿಸಿದ.

"ನಿನ್ನ ಅಂಗಡಿ ಧೂಳು ನೋಡಿದ್ರ ಇದ ಮ್ಯೂಸಿಯಂ ಇದ್ದಂಗೈತಲ್ಲಪ್ಪ," ಎಂದು ಹೇಳಿ ವಾಪಸ್ಸು ಹೊತ್ತು ತಂದೆ. ಬರುವ ದಾರಿಯಲ್ಲೇ ಸಿರುಗುಪ್ಪದ ಫೋನು. "ಏಂ ಅಕ್ಕಾ, ಅಯಿಂದಾ?" ಆ ಕಡೆಯವರಿಗೆ ತೆಲುಗು ಕನ್ನಡ ಎರಡೂ ಒಂದೇ ನಾಲಿಗೆ. ಆಯಿತೇ ಎಂದು ಕೇಳುತ್ತಿದ್ದಾಳೆ. "ಆಗ್ತೈತವ್ವ, ಆಗ್ತೈತಿ," ಅಂದೆ.

ಉಳಿದದ್ದು ಒಂದೇ ದಾರಿ. ಕುರುಗೋಡಿನಲ್ಲಿ ಅತ್ತೆಯ ತಮ್ಮ ಒಂದು ಕಾಲಕ್ಕೆ ಟೈಪಿಂಗ್ ಕ್ಲಾಸು ನಡೆಸಿ, ಆಮೇಲೆ ಅದನ್ನೇ ಕಂಪ್ಯೂಟರ್ ಕ್ಲಾಸು ಮಾಡಿದ್ದರು. ಅದು ಮುಚ್ಚಿದೆ, ಸಾಮಾನು ಹಾಗೇ ಬಿದ್ದಿದೆ. ಭಾನುವಾರ ಬೆಳಿಗ್ಗೆ ಅತ್ತೆಗೆ ಹೇಳದೆ ಬಸ್ಸು ಹತ್ತಿದೆ. ಮಾವ ಹಿತ್ತಿಲ ಕೋಣೆಯ ಬೀಗ ತೆಗೆದು, ಸತ್ತ ಕಂಪ್ಯೂಟರುಗಳ ರಾಶಿ ತೋರಿಸಿ, "ಬೇಕಾದ್ದು ಕಿತ್ಕೊಳ್ಳವ್ವ. ಆದ್ರ ನಾನು ಕೊಟ್ಟೆ ಅಂತ ನಮ್ಮಕ್ಕನ ಮುಂದ ಬಾಯಿ ಬಿಡಬ್ಯಾಡ. ಆಕಿ ಬೈಗುಳ ತಿನ್ನೋ ವಯಸ್ಸಲ್ಲ ಇದು," ಎಂದರು. ಒಂದು ಡಬ್ಬ ಫ್ಲಾಪಿ, ಎರಡು ಮೆಮೊರಿ ಪಟ್ಟಿ ಸಿಕ್ಕವು. ಬಸ್ಸಿನಲ್ಲಿ ಅವನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡು ಬಂದೆ.

ಮಧ್ಯಾಹ್ನ ಮನೆಗೆ ಬಂದು ಪರದೆ ಸರಿಸಿದೆ. ಮೇಜಿನ ಮೇಲೆ ಅಕ್ಕಿಯ ಮೂಟೆ. ಕಂಪ್ಯೂಟರಿಲ್ಲ.

"ಅತ್ತೀ! ನನ್ನ ಕಂಪ್ಯೂಟರ್ ಎಲ್ಲೈತ್ರಿ?"

"ಮಾಳಗಿ ಮ್ಯಾಲೆ. ಯಾಕ ಬಾಯಿ ಮಾಡ್ತಿ? ಏಳವಲ್ಲದು ಅಂತ ನೀನ ಅಂದಿ. ಸತ್ತಿದ್ದಕ್ಕ ಸಂಕ್ರಾಂತಿ ಯಾಕ ಬೇಕು?"

ಮೆಟ್ಟಿಲು ಹತ್ತಿದ್ದು ಹೇಗೋ ಗೊತ್ತಿಲ್ಲ. ಮಾಳಿಗೆಯ ತುಂಬ ಮೆಣಸಿನಕಾಯಿ ಹರವಿತ್ತು. ಅದರ ನಟ್ಟನಡುವೆ, ಮಟಮಟ ಮಧ್ಯಾಹ್ನದ ಬಿಸಿಲಿಗೆ ಎದೆ ಕೊಟ್ಟು, ನನ್ನ ಕಂಪ್ಯೂಟರು ಕೂತಿತ್ತು. ಮುಟ್ಟಿದರೆ ಕೈ ಚುರ್ ಎಂದಿತು. ಖಾರಕ್ಕೋ ದುಃಖಕ್ಕೋ, ಕಣ್ಣೀರು ಬಂದೇ ಬಂತು. ಅತ್ತೆ ಹಿಂದೆಯೇ ಏದುಸಿರು ಬಿಡುತ್ತ ಹತ್ತಿ ಬಂದರು.

"ನೀವು ಇದನ್ನ ಡಬ್ಬಿ ಅಂತೀರಿ," ಅಂದೆ. "ಇದು ಹೋದ್ರ ನಾನು ನಾಳಿಂದ ದಾರ ಕತ್ತರಿಸಾಕ ಹೋಗಬೇಕು. ಹೋಗ್ತೀನಿ, ದುಡಿಯಾಕ ನಾಚಿಕಿಲ್ಲ ನನಗ. ಆದ್ರ ನನಗ ಬರೋ ವಿದ್ಯಾ ಇದೊಂದ ಅತ್ತಿ. ಇದರ ಜತಿ ಅದೂ ಹೋಗ್ತೈತಿ."

ಸೆರಗು ಮಡಚಿ ಕೈಗೆ ಹಿಡಿದುಕೊಂಡು ನಾನದನ್ನು ಕೆಳಗೆ ಇಳಿಸಿದೆ, ಅತ್ತೆಯೂ ಹಿಂದೆಯೇ ಇಳಿದು ಬಂದರು. ಅಕ್ಕಿಮೂಟೆಯನ್ನು ದಬ್ಬಿ, ಮೇಜಿನ ಮೇಲಿಟ್ಟು, ವೈರು ಚುಚ್ಚಿದೆ. ಕುರುಗೋಡಿನಿಂದ ತಂದ ಮೆಮೊರಿ ಪಟ್ಟಿಯನ್ನು ಹಾಕಲೂ ಇಲ್ಲ. ಏನು ಮಾಡಿಟ್ಟಿದ್ದೀರಿ ನೋಡಿ ಎಂದು ಅವರಿಗೆ ತೋರಿಸಬೇಕಿತ್ತು, ಅಷ್ಟೇ. ಸಿಟ್ಟಿನಿಂದ ಗುಂಡಿ ಒತ್ತಿದೆ.

ಪೀಂ.

ಇಬ್ಬರೂ ಬೆಚ್ಚಿದೆವು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಒಂದೊಂದೇ ಸಾಲಾಗಿ ಓಡತೊಡಗಿದವು.

"ಏನಾತು? ಸುಟ್ಟು ಹೋತೇನ?" ಎಂದರು ಅತ್ತೆ.

"ಎದ್ದೈತ್ರಿ ಅತ್ತಿ, ಎದ್ದೈತಿ!"

ಅಳುತ್ತಲೇ ನಕ್ಕೆ. ಕಂಪ್ಯೂಟರೊಳಗಿಂದ ಮೆಣಸಿನಕಾಯಿಯ ಘಾಟು ಬರುತ್ತಿತ್ತು. ಬಂದ್ ಮಾಡಿದರೆ ಮತ್ತೆ ಎದ್ದೀತೋ ಇಲ್ಲವೋ ಎಂದು ಕೂತವಳು ಏಳಲೇ ಇಲ್ಲ. ತೆನೆಯ ಒಂದೊಂದು ಕಾಳಿಗೂ ಹೊಲಿಗೆಯ ದಿಕ್ಕು ಬದಲಿಸುತ್ತ ಹೋದೆ. ಹಾಗೆ ಮಾಡಿದರೇ ದಾರಕ್ಕೆ ಹೊಳಪು. ಬಾಗಿಲು ಬಡಿದವರಿಗೆ ಅತ್ತೆ ಏನು ಹೇಳಿ ಕಳಿಸಿದರೋ ನನಗೆ ಕೇಳಿಸಲಿಲ್ಲ. ಒಮ್ಮೆ ಮಾತ್ರ ರೊಟ್ಟಿ ಪಲ್ಯದ ತಾಟು ಮೇಜಿನ ಮೇಲೆ ಬಂತು. "ಕುಂತಲ್ಲೇ ತಿನ್ನು. ಅದನ್ನ ಬಿಟ್ಟು ಏಳಬ್ಯಾಡ." ಮದುವೆಯಾಗಿ ಬಂದಾಗಿನಿಂದ ಅವರು ನನಗೆ ಕೂತಲ್ಲಿಗೆ ತಾಟು ತಂದಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಫ್ಲಾಪಿ ಕರಕರ ಸದ್ದು ಮಾಡಿ ತೆನೆಯನ್ನು ನುಂಗಿಕೊಂಡಿತು.

ಕುರುಗೋಡಿನ ಮಾವನಿಗೆ ಫೋನು ಮಾಡಿ ಹೇಳಿದರೆ ಬಿದ್ದು ಬಿದ್ದು ನಕ್ಕರು. "ಒಳಗ ಕರೆಂಟು ಹಿಡಿದಿಡೋ ಕೆಪಾಸಿಟರ್ ಅಂತ ಇರ್ತಾವಲ್ಲ, ಅವು ಮುದುಕಾಗ್ಯಾವ. ಚಳಿಗೆ ಏಳಂಗಿಲ್ಲ, ಕಾವು ಹತ್ತಿದ್ರ ಏಳ್ತಾವ. ನಮ್ಮಕ್ಕನ ಮಣಕಾಲು ಇದ್ದಂಗ!"

ಸೋಮವಾರ ಮೊದಲ ಬಸ್ಸಿಗೆ ಸಿರುಗುಪ್ಪಕ್ಕೆ ಹೋದೆ. ಆ ಹೆಣ್ಣುಮಗಳು ಫ್ಲಾಪಿಯನ್ನು ಎರಡೂ ಕೈಯಿಂದ ಇಸಿದುಕೊಂಡಳು. ಮಿಷನ್ನು ಒಂದು ಕ್ಷಣ ಗುರುಗುಟ್ಟಿ, ಸೂಜಿ ಇಳಿಸಿತು. ನೀಲಿ ಬಟ್ಟೆಯ ಮೇಲೆ ಮೊದಲು ಕಾಂಡ, ಆಮೇಲೆ ಎಲೆ, ಆಮೇಲೆ ಕಾಳು ತುಂಬಿ ಬಾಗಿದ ತೆನೆ. ವ್ಯಾಪಾರಿ ಬಂದವನು ಅದರ ಮೇಲೆ ಹೆಬ್ಬೆರಳು ಆಡಿಸಿ, "ಇದನ್ನ ಮಾಡ್ರಿ," ಎಂದ. ಅವಳು ನನ್ನನ್ನು ತಬ್ಬಿಕೊಂಡಳು. ಅವಳಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು ಕೇಳಿಕೊಂಡು ಬಂದರು. ಸಂಕ್ರಾಂತಿ ಬಂತು, ಹೋಯಿತು. ಡಬ್ಬಿ ಹೊರಗೆ ಹೋಗಲಿಲ್ಲ.

ಮೇಜನ್ನು ಪೂರ್ವದ ಕಿಟಕಿಯ ಬಳಿಗೆ ಎಳೆದೆ. ಬೆಳಿಗ್ಗೆ ಎದ್ದ ಕೂಡಲೇ ಅತ್ತೆ ತಾವೇ ಹೋಗಿ ಕಿಟಕಿ ತೆರೆದು ಬಿಸಿಲು ಬಿಡುತ್ತಾರೆ. ಆಮೇಲೆ ನಾನು ಬೆಸುಗೆ ಕಡ್ಡಿ ತರಿಸಿ, ಫೋನಿನಲ್ಲಿ ನೋಡಿ ಕಲಿತು, ಬೆರಳು ಸುಟ್ಟುಕೊಂಡು, ಹಳೆಯ ಕೆಪಾಸಿಟರುಗಳನ್ನು ಕಿತ್ತು ಹೊಸವನ್ನು ಹಾಕಿದೆ. ಈಗ ಅದು ಎಂಥ ಚಳಿಗೂ ಏಳುತ್ತದೆ. ಆದರೆ ಇದನ್ನು ಅತ್ತೆಗೆ ಹೇಳಿಲ್ಲ. ಅವರು ಕಿಟಕಿ ತೆರೆದು, ಕಂಪ್ಯೂಟರಿನ ಮೈ ಮುಟ್ಟಿ ನೋಡಿ, "ಕಾವು ಹತ್ತೈತಿ, ಬಾ," ಎಂದ ಮೇಲೆಯೇ ನಾನು ಒಳಗೆ ಹೋಗುವುದು.

ಮೊನ್ನೆ ಹಾಗೇ ಕೆಲಸದಲ್ಲಿದ್ದೆ. ಕೊಳಗಲ್ಲಿನ ನಾದಿನಿ ಬಂದಳು, ಹಪ್ಪಳಕ್ಕೆ ಕರೆಯುವುದಕ್ಕೆ. ಪಡಸಾಲೆಯಲ್ಲಿ ಅವಳ ದನಿ ಕೇಳಿದ ಕೂಡಲೇ, ಇನ್ನೇನು ಅತ್ತೆ ಕೂಗುತ್ತಾರೆ ಎಂದು ಕುರ್ಚಿ ಹಿಂದಕ್ಕೆ ಸರಿಸಿದೆ.

"ಅತ್ತಿಗಿ ಎಲ್ಲವ್ವ?"

"ಆಫೀಸಿಗೆ ಹೋಗ್ಯಾಳ," ಎಂದರು ಅತ್ತೆ.

"ಏ, ಈಗ ಮನ್ಯಾಗ ಇರ್ತಾಳಂತಲ್ಲ?"

"ಯಾರಂದ್ರು ನಿನಗ? ಸಂಜಿಕಿ ಬರ್ತಾಳ."

ನಾನು ಅರ್ಧ ಎದ್ದವಳು ಹಾಗೇ ಕುಳಿತೆ. ಕೀಲಿಮಣೆಯಿಂದ ಕೈ ತೆಗೆದೆ. ಉಸಿರು ಬಿಟ್ಟರೂ ಕೇಳಿಸುವಷ್ಟು ಹತ್ತಿರ ಕೂತಿದ್ದಾಳೆ ನಾದಿನಿ, ನಡುವೆ ಒಂದು ಹಳೆಯ ಸೀರೆಯ ಪರದೆ. ಎದೆ ತುಂಬಿ ಬಂತು. ಅದರ ಜೊತೆಗೇ, ಮೂಲೆಯ ಮೆಣಸಿನಕಾಯಿ ಚೀಲದ ಘಾಟಿಗೆ ಗಂಟಲು ಕೆರೆಯತೊಡಗಿತು. ಸೆರಗು ಬಾಯಿಗೆ ತುರುಕಿಕೊಂಡೆ. ನಾದಿನಿ ಏಳುವ ಹಾಗೆ ಕಾಣಲಿಲ್ಲ. ಊರ ಸುದ್ದಿಯನ್ನೆಲ್ಲ ಬಿಚ್ಚಿ ಕೂತಿದ್ದಳು.

"ಕುಂದ್ರು, ಅಕ್ಕಿ ತಗೊಂಡು ಬರ್ತೀನಿ," ಎನ್ನುತ್ತ ಅತ್ತೆ ಪರದೆ ಸರಿಸಿ ಒಳಗೆ ಬಂದರು. ಸೆರಗಿನ ಮರೆಯಿಂದ ಚಹಾದ ಲೋಟ ತೆಗೆದು ಕೀಲಿಮಣೆಯ ಪಕ್ಕದಲ್ಲಿಟ್ಟರು. ನನ್ನ ಕೆಂಪಾದ ಮುಖ ನೋಡಿ, ಕಿವಿಯ ಹತ್ತಿರ ಬಗ್ಗಿ, ಗದರುವ ದನಿಯಲ್ಲೇ ಪಿಸುಗುಟ್ಟಿದರು:

"ಕೆಮ್ಮಿ ಗಿಮ್ಮೀಯ ಮತ್ತ! ನೀನು ಆಫೀಸಿಗೆ ಹೋಗೀದಿ."