ಅಕ್ಕನ ಕೆರೆ, ತಂಗಿ ಕೆರೆ ಮತ್ತು ನಮ್ಮ ಮಾವ

ಕಳೆದ ಭಾನುವಾರ ಮಧ್ಯಾಹ್ನ ಹನೂರಿನ ಆಚೆಯ ಒಂದು ಬೆಟ್ಟದ ಮೇಲೆ ನಾನು ತುಟಿ ಬಿಗಿಹಿಡಿದುಕೊಂಡು, ಎರಡೂ ಕೈ ಬೀಸುತ್ತ ಕುಣಿಯುತ್ತಿದ್ದೆ. ಎದುರಿಗೆ ಬಂಡೆಯ ಮೇಲೆ ಕೂತಿದ್ದ ನಮ್ಮ ಸೋದರಮಾವ ಮೆಚ್ಚುಗೆಯಿಂದ ನೋಡಿ ಕೇಳಿದ: “ಇದ್ಯಾರ್ದ್ಲಾ? ಆನೂರು ಬಸ್ಸಿನ ಕಂಡಕ್ಟ್ರುದಾ?”

ಕಂಡಕ್ಟರೂ ಅಲ್ಲ, ಡ್ರೈವರೂ ಅಲ್ಲ. ಅದು ಮಿಮಿಕ್ರಿಯೇ ಅಲ್ಲ. ಗಂಟಲು ಹರಿಯುವ ಹಾಗೆ ನಾನು ಕಿರುಚುತ್ತಿದ್ದೆ, ಸೌಂಡ್ ಇಲ್ಲದೆ.

ತಡೆಯಿರಿ, ಮೊದಲಿಂದ ಹೇಳುತ್ತೇನೆ.

ಕೊಳ್ಳೇಗಾಲದಲ್ಲಿ ನಮ್ಮದು ಮಗ್ಗದ ಮನೆ. ಪಕ್ಕದ್ದು ಚಿಕ್ಕವ್ವನ ಮನೆ. ಚಿಕ್ಕವ್ವ ಅಂದರೆ ನಮ್ಮವ್ವನ ಸ್ವಂತ ತಂಗಿ. ನಡುವೆ ಒಂದೇ ಗೋಡೆ. ಈ ಕಡೆ ಲಾಳಿ ಓಡಿದರೆ ಆ ಕಡೆ ಕೇಳಿಸುತ್ತದೆ. ಆದರೆ ಅಕ್ಕತಂಗಿಯರ ಮಾತು ನಿಂತು ಎರಡು ದೀಪಾವಳಿ ಕಳೆದವು. ಕಾರಣ? ಒಂದು ಸೀರೆ. ಚಿಕ್ಕವ್ವ ತಾನೇ ಕೂತು ನೇಯ್ದು ಅವ್ವನಿಗೆ ಕೊಟ್ಟಳು. ಅವ್ವ ಬಂದಿದ್ದ ನೆಂಟರೆಲ್ಲರ ಎದುರಿಗೆ ಅದನ್ನು ಬಿಡಿಸಿ, ಸೆರಗನ್ನು ಬೆಳಕಿಗೆ ಹಿಡಿದು, ಒಂದು ಮಾತು ಅಂದಳು.

“ಯಾಕವ್ವ, ಬಣ್ಣ ಸಾಲ್ದೇ ಬಂತಾ?”

ಅಷ್ಟೇ.

ಆಮೇಲೆ ಎಲ್ಲ ರಾಯಭಾರ. “ಆ ಮನೆಯೋರ್ಗೆ ಏಳು, ನಲ್ಲಿ ನಿಲ್ಸಿ ಅಂತ.” “ಈ ಮನೆಯೋರ್ಗೆ ಏಳು, ನಾವೇನ್ ಕಾವೇರಿ ಖಾಲಿ ಮಾಡ್ತಿಲ್ಲ ಅಂತ.” ಸುದ್ದಿ ಸಾಗಿಸುವವನು ನಾನು. ಬರೀ ಸುದ್ದಿ ಮುಟ್ಟಿಸಿದರೆ ಕಲಾವಿದನಿಗೇನು ಬೆಲೆ? ಅವ್ವನ ಮಾತನ್ನು ಅವ್ವನ ದನಿಯಲ್ಲೇ, ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಪ್ಪಿಸುತ್ತಿದ್ದೆ. (ಸರ್ವಿಸ್ ಅಂದರೆ ಹಾಗಿರಬೇಕು.)

ಈಗ ನಮ್ಮಕ್ಕನಿಗೆ ಮದುವೆ ಗೊತ್ತಾಗಿದೆ. ಅವಳು ಹುಟ್ಟಿದಾಗ ಅವ್ವನಿಗೆ ಬಹಳ ದಿನ ಹುಷಾರಿರಲಿಲ್ಲವಂತೆ. ಹಾಗಾಗಿ ಬೆಳೆದದ್ದೆಲ್ಲ ಚಿಕ್ಕವ್ವನ ತೊಡೆಯ ಮೇಲೆ. ಅಕ್ಕನದು ಒಂದೇ ಹಟ: “ಇಬ್ರೂ ಜೊತೆಗ್ ನಿಂತು ಅರಿಸ್ನ ಅಚ್ಬೇಕು. ಇಲ್ಲಾಂದ್ರೆ ನಾನ್ ಮಣೆ ಮ್ಯಾಲೆ ಕೂರಕ್ಕಿಲ್ಲ.”

ಅವ್ವ, “ಅವಳೇ ಬರ್ಲಿ” ಅಂದಳು. ಚಿಕ್ಕವ್ವ, “ಅವಳೇ ಕರೀಲಿ” ಅಂದಳು. ಅಕ್ಕ ರಾತ್ರಿ ಊಟ ಬಿಟ್ಟಳು. ಗಂಡಿನ ಕಡೆಯವರಿಗೆ ಏನು ಹೇಳುವುದು ಅಂತ ಅಪ್ಪ ಮಗ್ಗದ ಗುಂಡಿಯಿಂದ ಮೇಲೇಳುವುದನ್ನೇ ಬಿಟ್ಟರು.

ಆಗ ಎಂಟ್ರಿ ಕೊಟ್ಟದ್ದು ಮಾವ. ಇಬ್ಬರಿಗೂ ತಮ್ಮ. ಎರಡೂ ಮನೆಯಲ್ಲಿ ಊಟದ ಹಕ್ಕು ಉಳಿಸಿಕೊಂಡಿರುವ ಏಕೈಕ ವ್ಯಕ್ತಿ. (ಇವರ ಜಗಳದ ದೆಸೆಯಿಂದ ಪ್ರತಿ ಹಬ್ಬಕ್ಕೂ ಎರಡು ಸಲ ಪಾಯಸ ಉಂಡವನು.) “ನಮ್ ಇರೀಕರು ಇಂತಾದ್ಕೆ ಏನ್ ಮಾಡ್ತಿದ್ರು? ಎರಡು ಕೆರೆ ನೀರು ಕೂಡುಸ್ತಿದ್ರು” ಅಂದ.

ವಿಷಯ ಇಷ್ಟು. ಆ ಬೆಟ್ಟದ ನೆತ್ತಿಯಲ್ಲಿ ಅಕ್ಕನ ಕೆರೆ. ಹಿಂದಿನ ಕಣಿವೆಯಲ್ಲಿ ತಂಗಿ ಕೆರೆ. ಯಾವುದೋ ಕಾಲದಲ್ಲಿ ಇಬ್ಬರು ಮುನಿಸಿಕೊಂಡು, ಬೆನ್ನು ತಿರುಗಿಸಿ ಕೂತು, ಕೂತಲ್ಲೇ ಕೆರೆಯಾದರಂತೆ. ಮಾತು ಬಿಟ್ಟ ಮನೆಯವರು ಅಕ್ಕನ ಕೆರೆಯಿಂದ ಒಂದು ಚೊಂಬು ನೀರು ಹೊತ್ತು ತಂಗಿ ಕೆರೆಗೆ ಸುರಿಯಬೇಕು. ಅಲ್ಲಿಂದ ಒಂದು ಚೊಂಬು ತುಂಬಿಕೊಂಡು ಕೆಳಗಿಳಿದು, ಮುನಿಸಿಕೊಂಡವರಿಬ್ಬರಿಗೂ ಕುಡಿಸಬೇಕು. ಚೊಂಬು ತುಂಬಿಸಿದ ಮೇಲೆ ಬಂದ ದಾರಿಯನ್ನು ಮತ್ತೆ ತುಳಿಯುವ ಹಾಗಿಲ್ಲ, ಬೆಟ್ಟ ಸುತ್ತಿಯೇ ಬರಬೇಕು. ನೀರು ಎತ್ತಿದಲ್ಲಿಂದ ಕುಡಿಸುವ ತನಕ ಎರಡೂ ಮನೆಯಿಂದ ಬೆಟ್ಟ ಹತ್ತಿದವರು ತುಟಿ ಬಿಚ್ಚುವ ಹಾಗಿಲ್ಲ.

ಅಕ್ಕತಂಗಿ ಇಬ್ಬರೂ ತಕ್ಷಣ ಒಪ್ಪಿದರು. ಯಾಕೆ ಒಪ್ಪುವುದಿಲ್ಲ? ಯಾರೂ ಯಾರನ್ನೂ ಕರೆಯಬೇಕಿಲ್ಲ. ಇಬ್ಬರಿಗೂ ಮಂಡಿನೋವು ಬೇರೆ. ಬೆಟ್ಟ ಹತ್ತುವವರು ಮಕ್ಕಳು! ಅವ್ವನ ಪರವಾಗಿ ನಾನು. ಚಿಕ್ಕವ್ವನ ಪರವಾಗಿ ಅವಳ ಮಗ ಮಾದ. ನಾನೂ ಮಾದನೂ ಒಂದೇ ಬನಿಯನ್ ಹಂಚಿಕೊಂಡು ಬೆಳೆದವರು. ಜಗಳ ಆಡದೇ ಇದ್ದವರು ಮಾತು ಬಿಡಬೇಕು, ಜಗಳ ಆಡಿದವರು ಕೆಳಗೆ ಕೂತು ಎಲೆಅಡಿಕೆ ಹಾಕಿಕೊಳ್ಳಬೇಕು. ಇದು ಯಾವ ನ್ಯಾಯ?

ಬೆಳಗಿನ ಬಸ್ಸಿನಲ್ಲಿ ಅವ್ವ ಮುಂದಿನ ಸೀಟು, ಚಿಕ್ಕವ್ವ ಕೊನೆಯ ಸೀಟು. ಮಾವ ನಡುವೆ ಚೆಕ್‌ಪೋಸ್ಟಿನ ಕಂಬದ ಹಾಗೆ ನಿಂತಿದ್ದ. ಕಾಮಗೆರೆಯಲ್ಲಿ ಸೀಟು ಖಾಲಿಯಾದರೂ ಕೂರಲಿಲ್ಲ. ಹನೂರಿನಲ್ಲಿ ಬಸ್ ಬದಲಾಯಿಸಿ ಬೆಟ್ಟದ ಬುಡದ ಊರಿಗೆ ಇಳಿದೆವು. ಅಲ್ಲಿನ ಮಾರಿಗುಡಿಯ ಜಗಲಿಯ ಈ ತುದಿಗೆ ಒಬ್ಬಳು, ಆ ತುದಿಗೆ ಒಬ್ಬಳು ಕೂತರು. ಅಕ್ಕ ಮಧ್ಯದಲ್ಲಿ, ಎರಡು ಬುತ್ತಿ ಇಟ್ಟುಕೊಂಡು.

“ಎಷ್ಟು ದೂರ ಮಾವ?” ಅಂದೆ.

“ಇಲ್ಲೇ ಕಣ್ಲಾ.”

ನಮ್ಮ ಸೀಮೆಯಲ್ಲಿ ಈ ‘ಇಲ್ಲೇ’ ಎಂಬುದಕ್ಕೆ ಏನರ್ಥ, ಯಾರಾದರೂ ಹೇಳಬಲ್ಲಿರಾ? ಯಳಂದೂರಿನಿಂದ ಗೋಪಿನಾಥಂ ತನಕ ಯಾರನ್ನಾದರೂ ನಿಲ್ಲಿಸಿ ದಾರಿ ಕೇಳಿ. ‘ದೂರ’ ಅನ್ನುವವನು ಒಬ್ಬನೂ ಸಿಗುವುದಿಲ್ಲ. ‘ಗೊತ್ತಿಲ್ಲ’ ಅನ್ನುವವನಂತೂ ಹುಟ್ಟೇ ಇಲ್ಲ. “ಇಲ್ಲೇ, ಒಂದು ಬೀಡಿ ಸೇದೋ ಅಷ್ಟು.” ಮಾವ ಹತ್ತುತ್ತ ಬೀಡಿ ಕಟ್ಟಿನ ಮುಕ್ಕಾಲು ಮುಗಿಸಿದ. ಬಿದಿರು ಮುಗಿದು ಬಂಡೆ ಬಂತು. ಬಂಡೆ ಮುಗಿದು ಮುಳ್ಳು ಬಂತು. ಮುಳ್ಳು ಮುಗಿಯಲಿಲ್ಲ. ನನ್ನ ಹವಾಯಿ ಚಪ್ಪಲಿಯ ಬಾರು ಎರಡು ಕಡೆ ಕಿತ್ತು ಪಿನ್ನಿನ ಮೇಲೆ ನಿಂತಿತು.

“ಮಾವ, ನೀನು ಮುಂಚೆ ಬಂದಿದ್ದೀಯ ತಾನೆ?”

“ನಮ್ತಾತ ಬಂದಿದ್ರು ಕಣ್ಲಾ. ರಕ್ತದಲ್ಲೇ ಅದೆ ದಾರಿ.”

ರಕ್ತದಲ್ಲಿರುವ ದಾರಿಯಲ್ಲಿ ನಾವು ಒಂದೇ ಹುಣಸೆಮರವನ್ನು ಎರಡು ಸಲ ನೋಡಿದೆವು.

ಅಂತೂ ಅಕ್ಕನ ಕೆರೆ ಸಿಕ್ಕಿತು. ಬೈಯಬೇಕು ಅಂತಿದ್ದವನು ನೇರ ನೀರಿನ ಅಂಚಿಗೆ ಹೋದೆ. ನಾಲ್ಕು ಬಂಡೆಗಳ ಮಡಿಲಲ್ಲಿ ಕರಿ ಸೀರೆ ಹಾಸಿದ ಹಾಗೆ ನೀರು. ಗಾಳಿ ಬೀಸಿದಾಗ ಮಾತ್ರ ಸಣ್ಣ ಜರಿ ಮಿಂಚುತ್ತಿತ್ತು. ಇಷ್ಟು ಚೆನ್ನಾಗಿರುವವಳಿಗೆ ಮುನಿಸು ಯಾಕೆ ಬೇಕಿತ್ತು?

ಚೊಂಬು ತುಂಬಿಸಿದೆ. ಅಲ್ಲಿಂದ ಬಾಯಿ ಬಂದ್.

ಇಪ್ಪತ್ತನಾಲ್ಕು ಗಂಟೆ ಬಾಯಿ ಓಡುವ ನನ್ನಂಥವನಿಗೆ ಇದು ಎಂಥ ಶಿಕ್ಷೆ ಅಂತ ಯೋಚಿಸಿ. ಮಾದ ಜಾರಿ ಕುಂಡಿ ಊರಿದ, ಗೇಲಿ ಮಾಡುವ ಹಾಗಿಲ್ಲ. ನನ್ನ ಚಪ್ಪಲಿ ಪೂರ್ತಿ ಕಿತ್ತುಹೋಯಿತು, ಅಳುವ ಹಾಗಿಲ್ಲ. ಮಾವ ಮಾತ್ರ ನಮ್ಮ ಪಾಲಿನದನ್ನೂ ಸೇರಿಸಿ ಮೂವರ ಮಾತು ಆಡುತ್ತಿದ್ದ. ಅವನು ಯಾವ ಮನೆಯವನೂ ಅಲ್ಲವಲ್ಲ.

ಒಂದು ಕಡೆ ದೊಡ್ಡ ಬಂಡೆ ಅಡ್ಡ ಬಂತು. ಮಾವ ಮೊದಲು ಹತ್ತಿ ಕೂತ. ನಾನು ಎರಡೂ ಕೈ ಊರಿ ಹತ್ತಬೇಕಾದ್ದರಿಂದ ಚೊಂಬನ್ನು ಅವನ ಕೈಗೆ ಕೊಟ್ಟೆ. ಹತ್ತಿ ತಲೆ ಎತ್ತಿದರೆ ಮಾವ ಚೊಂಬು ಎತ್ತಿ, ಕತ್ತು ಹಿಂದಕ್ಕೆ ಬಾಗಿಸಿ, ಗಟಗಟ ಕುಡಿಯುತ್ತಿದ್ದಾನೆ!

ನಾನು ಕೈ ಬೀಸಿದೆ. ಗಂಟಲು ತೋರಿಸಿದೆ. ಬೆಟ್ಟದ ಕೆಳಗೆ ತೋರಿಸಿದೆ. ಮದುವೆಯ ಬಾಸಿಂಗ ಕಟ್ಟಿಕೊಂಡಂತೆ ಅಭಿನಯಿಸಿದೆ. ಕೆಳಗಡೆ ಮಾದ ಎದೆ ಬಡಿದುಕೊಳ್ಳುತ್ತಿದ್ದ. ಮಾವ ಒಂದು ಗುಟುಕಿಗೆ ನಿಲ್ಲಿಸಿ ಕೇಳಿದ್ದೇ ಆ ಪ್ರಶ್ನೆ: “ಇದ್ಯಾರ್ದ್ಲಾ? ಆನೂರು ಬಸ್ಸಿನ ಕಂಡಕ್ಟ್ರುದಾ?” ಕೇಳಿ, ನಕ್ಕು, ಉಳಿದದ್ದನ್ನೂ ಮುಗಿಸಿದ.

“ಏನ್ ತಂಪ್ಲಾ ನೀರು!”

ಅಲ್ಲಿಗೆ ನನ್ನ ಕಟ್ಟೆ ಒಡೆಯಿತು. ಬಾಯಿಂದ ಹೊರಟದ್ದು ನನ್ನ ದನಿಯಲ್ಲ. ಅವ್ವನ ದನಿ.

“ಲೇ ಒಟ್ಟೆಬಾಕಾ! ನಿನ್ ನಂಬಿ ಕಳಿಸ್ದೆ ನೋಡ್ಲಾ!”

ಮಾವ ಚೊಂಬು ಬಿಸಾಕಿ ಎದ್ದು ನಿಂತು, ನಾಲ್ಕೂ ದಿಕ್ಕು ನೋಡಿ, “ಅಕ್ಕಾ, ಇಲ್ಲ ಕಣಕ್ಕಾ...” ಅಂದ. ಆಮೇಲೆ ನನ್ನ ಮುಖ ನೋಡಿದ. ಆಮೇಲೆ ಉರುಳಿ ಹೋಗುತ್ತಿದ್ದ ಚೊಂಬು ನೋಡಿದ. ಆಗ ಅವನಿಗೆ ಹೊಳೆಯಿತು.

“ಅಯ್ಯೋ.”

“ಏನ್ ಅಯ್ಯೋ! ಅಕ್ಕನ ಮದ್ವೆನ ಕುಡ್ದಾಕ್ಬುಟ್ಯಲ್ಲ ಮಾವ!” ಅಂತ ಮಾದನೂ ಬಾಯಿ ಬಿಟ್ಟ. ವಾಪಸ್ ಹೋಗಿ ತುಂಬಿಸೋಣ ಅಂದರೆ ಬಂದ ದಾರಿ ತುಳಿಯುವ ಹಾಗಿಲ್ಲ. ಮೂವರೂ ಬಂಡೆಯ ಮೇಲೆ ಕೂತೆವು. ಊಟ ಬಿಟ್ಟ ಅಕ್ಕನ ಮುಖ ನೆನಪಾಯಿತು. ಇಷ್ಟು ದೂರ ಬಂದು ಅವಳಿಗೆ ಬರಿಗೈ ತೋರಿಸುವುದೆ?

ಮಾವ ಕೊನೆಯ ಬೀಡಿ ಹಚ್ಚಿ, ಒಂದು ನ್ಯಾಯ ಹೇಳಿದ. “ನೀರು ಎಲ್ಗ್ಲಾ ಓಯ್ತು? ನನ್ ಒಟ್ಟೇಲೆ ತಾನೆ ಇರೋದು? ಚೊಂಬು ಒತ್ಕಂಡು ಓದ್ರೇನು, ನಾನ್ ಒತ್ಕಂಡು ಓದ್ರೇನು? ತಂಗಿ ಕೆರೆಗೆ ನಾನೇ ಇಳ್ದು ಮುಳುಗ್ತೀನಿ. ಕೂಡ್ದಂಗೇ ಆಯ್ತು!”

ಬೈಯುವುದು ಬಿಟ್ಟು, ಉರುಳಿ ಹೋಗಿದ್ದ ಚೊಂಬನ್ನು ಹುಡುಕಿ ಎತ್ತಿಕೊಂಡೆ.

ತಂಗಿ ಕೆರೆಗೆ ಬಂದೆವು. ಕೆರೆಯೇ? ನಮ್ಮ ಬೀದಿಯ ನಲ್ಲಿ ಒಡೆದಾಗ ಇದಕ್ಕಿಂತ ನೀರು ನಿಲ್ಲುತ್ತದೆ. ಮೊಣಕಾಲುದ್ದದ ಕೆಸರು. ದಡದ ಮೇಲೆ ಆನೆಯ ಲದ್ದಿ, ಇನ್ನೂ ಹಬೆಯಾಡುತ್ತಿತ್ತು. ಮಾವ ಲುಂಗಿ ಎತ್ತಿಕಟ್ಟಿ ಇಳಿದ. ಮುಳುಗುವಷ್ಟು ನೀರಿಲ್ಲದ್ದರಿಂದ ಹೊರಳಿದ. ಎಮ್ಮೆಯೂ ಅಷ್ಟು ಶ್ರದ್ಧೆಯಿಂದ ಹೊರಳುವುದಿಲ್ಲ. ಅಷ್ಟರಲ್ಲಿ ಬಿದಿರಿನ ಒಳಗೆ ಏನೋ ಲಟ್ ಅಂತ ಮುರಿಯಿತು. ಕೈಗೆ ಸಿಕ್ಕಷ್ಟು ಕೆಸರುನೀರು ಚೊಂಬಿಗೆ ತುಂಬಿಕೊಂಡು ಓಡಿದೆವು. ಶಾಸ್ತ್ರ, ಮೌನ, ಚಪ್ಪಲಿ ಯಾವುದೂ ನೆನಪಾಗಲಿಲ್ಲ.

ಓಡಿದ ರಭಸಕ್ಕೆ ದಾರಿ ತಪ್ಪಿತು. (ರಕ್ತದಲ್ಲಿದ್ದ ದಾರಿ ಕೆಸರಿನಲ್ಲಿ ತೊಳೆದುಹೋಗಿತ್ತೇನೋ.) ಬೆಟ್ಟದ ಇನ್ನೊಂದು ಮಗ್ಗುಲಿಗೆ ಇಳಿದು, ಒಬ್ಬ ಕುರಿಯವರ ಅಜ್ಜನನ್ನು ಕೇಳಿದೆವು: “ಮಾರಿಗುಡಿ ಎಷ್ಟು ದೂರ ತಾತ?”

“ಇಲ್ಲೇ ಕಣಪ್ಪಾ.”

ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ.

ಕಾಲೆಳೆದುಕೊಂಡು ಊರು ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ದೂರದಿಂದಲೇ ಮಾರಿಗುಡಿಯ ಕಡೆಯಿಂದ ಗಲಾಟೆ ಕೇಳಿಸಿತು. ನನಗೆ ಗಾಬರಿ. ಹತ್ತಿರ ಹೋದರೆ ಜಗಲಿಯ ಎರಡು ತುದಿ ಖಾಲಿ. ಅವ್ವ, ಚಿಕ್ಕವ್ವ ಇಬ್ಬರೂ ನಡುವೆ ಬಂದು, ಒಬ್ಬಳ ರಟ್ಟೆ ಒಬ್ಬಳು ಹಿಡಿದುಕೊಂಡು, ಬೆಟ್ಟದ ಕಡೆ ಕೈ ಮಾಡಿ, ಒಟ್ಟಿಗೆ ಬೈಯುತ್ತಿದ್ದರು.

“ಇವ್ನು ಚಿಕ್ಕೋನಿದ್ದಾಗ್ಲೂ ಸಂತೇಲಿ ಕಳ್ದೋಗಿದ್ನಲ್ಲಕ್ಕಾ. ಇವ್ನ ಕೈಗೆ ಮಕ್ಕಳ್ನ ಕೊಟ್ಟೆಯಲ್ಲ!”

“ನಾನಾ ಕೊಟ್ಟೋಳು? ನೀನ್ ತಾನೆ ಊ ಅಂದೆ!”

“ಆನೆ ಬತ್ತವಂತೆ ಕಣಕ್ಕಾ ಆ ಕಡೆ!”

ಅಕ್ಕ ನನ್ನ ಕಂಡವಳೇ ಓಡಿ ಬಂದು ಕಿವಿಯಲ್ಲಿ ಅಂದಳು: “ಮದ್ಯಾನ್ದಿಂದ ಇಂಗೇ ಕಣೋ. ನೀವ್ ಬರೋದು ತಡವಾದಂಗೆ ಶುರುವಾದೋರು ಇನ್ನೂ ನಿಲ್ಸಿಲ್ಲ.” ಅವಳ ಕಣ್ಣು ತುಂಬಿತ್ತು. ನಗುತ್ತಿದ್ದಳು.

ಇಬ್ಬರೂ ನಮ್ಮ ಮೈ ಮುಟ್ಟಿ ನೋಡಿ, ಕೈಕಾಲು ಎಣಿಸಿ, ಸಮಾಧಾನ ಆದ ಮೇಲೆ ಚೊಂಬಿನ ಕಡೆ ತಿರುಗಿದರು. ಚಿಕ್ಕವ್ವ ಒಳಗೆ ಇಣುಕಿ ಮೂಗು ಮುರಿದಳು.

“ಇದೇನಕ್ಕಾ, ಇಂಗದೆ ಬಣ್ಣ?”

ಅವ್ವ ಚೊಂಬನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ತಂಗಿಯ ಮುಖ ನೋಡಿದಳು.

“ಪರವಾಗಿಲ್ಲ ಬುಡವ್ವ. ಬಣ್ಣ ಸಾಕಷ್ಟದೆ.”

ಕುಡಿದದ್ದು ಒಂದೊಂದು ತೊಟ್ಟು. ಚಿಕ್ಕವ್ವ ಸೆರಗಿನಿಂದ ಬಾಯಿ ಒರೆಸಿಕೊಳ್ಳುವ ನೆಪದಲ್ಲಿ ಕಣ್ಣನ್ನೂ ಒರೆಸಿಕೊಂಡಳು. ಕೆಸರು ಒಣಗಿ ವಿಗ್ರಹದ ಹಾಗಾಗಿದ್ದ ಮಾವ ಮುಂದೆ ಬಂದು ಎದೆ ಉಬ್ಬಿಸಿದ: “ನೋಡುದ್ರಾ ಕೆರೆ ನೀರಿನ ಮಯ್ಮೆ?”

ವಾಪಸ್ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು. ಕಾಮಗೆರೆ ಬರುವಷ್ಟರಲ್ಲಿ ಬೆಟ್ಟದ ಮೇಲೆ ಮೊದಲು ಬಾಯಿ ಬಿಟ್ಟದ್ದು ಯಾರ ಮಗ ಅಂತ ಹೊಸ ಜಗಳ ಶುರುವಾಗಿತ್ತು. ಹಿಂದಿನ ಸೀಟಿನಲ್ಲಿ ನಾನು ಬರಿಗಾಲಿನ ಮುಳ್ಳು ಕೀಳುತ್ತ ಕೂತಿದ್ದೆ.

ಅಲ್ಲಾ ಸ್ವಾಮಿ, ಮಕ್ಕಳು ಕಳೆದುಹೋದರೆ ಸಾಕು, ಇವರು ಮಾತಾಡುತ್ತಾರೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ ನಾನು ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲೇ, ಕಾಲಿಗೆ ಚಪ್ಪಲಿ ಹಾಕಿಕೊಂಡೇ, ಕಳೆದುಹೋಗುತ್ತಿರಲಿಲ್ಲವೇ?